ಒಂಟಿ ಗುಂಡಿಗೆಯ ಹೈಪರ್‌ಮೋಟಾರ್ಡ್

ಮೊದಲ ಸಲ ನೋಡಿದವರಿಗೆ ಇದು ಎರಡು ಬೈಕುಗಳ ಬಿಡಿಭಾಗ ಅದಲುಬದಲಾದಂತೆ ಕಾಣುತ್ತದೆ. ಹದ್ದಿನ ಕೊಕ್ಕಿನಂತೆ ಚಾಚಿದ ಮುಂದಿನ ಮಡ್‌ಗಾರ್ಡು, ಅಟ್ಟ ಹತ್ತಿದಂತೆ ಹತ್ತಬೇಕಾದ ಸೀಟು, ಎಮ್ಮೆಯ ಕೊಂಬಿನಂತೆ ಅಗಲವಾದ ಹ್ಯಾಂಡಲ್, ಸಣಕಲು ಪೆಟ್ರೋಲ್ ಟ್ಯಾಂಕು. ಮೈಯೆಲ್ಲ ಕೆಸರುಗದ್ದೆಯಲ್ಲಿ ಹಾರುವ ಮೋಟೊಕ್ರಾಸ್ ಬೈಕಿನದು. ಚಕ್ರಗಳು ಮಾತ್ರ ನುಣ್ಣನೆ ಟಾರಿಗೆ ಹೇಳಿ ಮಾಡಿಸಿದವು. ಇಟಲಿಯ ಡುಕಾಟಿ ಕಂಪನಿಯ ಹೈಪರ್‌ಮೋಟಾರ್ಡ್ ಇದು. ಲೆಕ್ಕ ತಪ್ಪಿದಂತೆ ಕಾಣುವ ಇದರ ಒಂದೊಂದು ಅಂಗಕ್ಕೂ ಒಂದು ಲೆಕ್ಕವಿದೆ. ಒಂದೆರಡಕ್ಕೆ ಇಲ್ಲ, ಅದನ್ನೂ ಹೇಳುತ್ತೇನೆ.

ಈ ಬೆರಕೆ ತಳಿ ಹುಟ್ಟಿದ್ದು ಇಟಲಿಯಲ್ಲಲ್ಲ, ಅಮೆರಿಕದ ಟಿವಿಯಲ್ಲಿ. ಟಾರು ಟ್ರ್ಯಾಕಿನ ವೀರ, ಮಣ್ಣಿನ ಟ್ರ್ಯಾಕಿನ ವೀರ, ಮೋಟೊಕ್ರಾಸ್ ವೀರ, ಈ ಮೂವರಲ್ಲಿ ನಿಜವಾದ ಸವಾರ ಯಾರು? ಜಗಳ ತೀರಿಸಲು 1979ರಲ್ಲಿ ಗೇವಿನ್ ಟ್ರಿಪ್ ಎಂಬ ಆಯೋಜಕ ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬ್ಯಾಡ್‌ನಲ್ಲಿ ಟಾರೂ ಮಣ್ಣೂ ಬೆರೆತ ಟ್ರ್ಯಾಕ್ ಹಾಕಿಸಿ ‘ಸೂಪರ್‌ಬೈಕರ್ಸ್’ ಸ್ಪರ್ಧೆ ನಡೆಸಿದ. ಎಬಿಸಿ ವಾಹಿನಿ ಅದನ್ನು ತೋರಿಸಿತು. ಗೆದ್ದವನು ಮೋಟೊಕ್ರಾಸ್‌ನ ಕೆಂಟ್ ಹೋವರ್ಟನ್. ಇಂಥ ಟ್ರ್ಯಾಕಿಗೆ ಹೊಂದುವುದು ಮೋಟೊಕ್ರಾಸ್ ಬೈಕಿಗೆ ರಸ್ತೆಯ ಟೈರು ತೊಡಿಸಿದ ಗಾಡಿ ಎಂಬುದು ಬೇಗನೆ ಎಲ್ಲರಿಗೂ ತಿಳಿಯಿತು. 1985ರ ಹೊತ್ತಿಗೆ ಅಮೆರಿಕ ಈ ಆಟ ಕೈಬಿಟ್ಟಿತು, ಫ್ರಾನ್ಸ್ ಎತ್ತಿಕೊಂಡಿತು. ಫ್ರೆಂಚರಲ್ಲಿ ಬೈಕ್ ಸವಾರನಿಗೆ ‘ಮೋಟಾರ್’ ಎನ್ನುತ್ತಾರೆ, ಬರೆಯುವಾಗ ಕೊನೆಗೊಂದು ‘ಡ’ಕಾರ ಇರುತ್ತದೆ. ಸೂಪರ್‌ಮೋಟಾರ್ಡ್, ಹೈಪರ್‌ಮೋಟಾರ್ಡ್ ಎಂಬ ಹೆಸರುಗಳ ಬಾಲ ಅಲ್ಲಿಂದ ಬಂದದ್ದು. ಈ ಆಟಕ್ಕೆ ಸೂಪರ್‌ಮೋಟೊ ಎಂದೂ ಹೆಸರು.

ಇನ್ನು ಲೆಕ್ಕಕ್ಕೆ ಬರೋಣ. ಮೋಟೊಕ್ರಾಸ್ ಬೈಕಿನ ಮುಂದಿನ ಚಕ್ರ 21 ಇಂಚು. ಕಲ್ಲು, ಹಳ್ಳ ಹಾಯಲು ದೊಡ್ಡ ಚಕ್ರ ಬೇಕು. ಆದರೆ ತಿರುಗುವ ಚಕ್ರ ಬುಗುರಿಯಿದ್ದಂತೆ, ತನ್ನ ವಾಲಿಕೆ ಬದಲಿಸಲು ಒಪ್ಪುವುದಿಲ್ಲ. ಚಕ್ರವನ್ನು 17 ಇಂಚಿಗೆ ಇಳಿಸಿದರೆ ಈ ಹಟ ತಗ್ಗುತ್ತದೆ, ಜೊತೆಗೆ ರೇಸಿನ ಅಂಟುಟೈರುಗಳೂ ಆ ಅಳತೆಯಲ್ಲಿ ಸಿಗುತ್ತವೆ. ಅಗಲದ ಹ್ಯಾಂಡಲ್ ಅಂದರೆ ಉದ್ದದ ಸನ್ನೆಗೋಲು. ಓಡುವ ಬೈಕನ್ನು ಎಡಕ್ಕೆ ವಾಲಿಸಲು ಎಡಗೈಯಿಂದ ಹ್ಯಾಂಡಲನ್ನು ಮುಂದಕ್ಕೆ ತಳ್ಳಬೇಕು (ಸೈಕಲ್ ಕಲಿತವರೆಲ್ಲ ತಿಳಿಯದೆಯೇ ಇದನ್ನು ಮಾಡುತ್ತಾರೆ). ಸನ್ನೆಗೋಲು ಉದ್ದವಾದಷ್ಟೂ ಆ ತಳ್ಳು ಹಗುರ.

ಸವಾರ ಕೂರುವ ಬಗೆಯೂ ಬೇರೆ. ಟಾರು ಟ್ರ್ಯಾಕಿನ ಮೋಟೊಜಿಪಿ ಸವಾರ ಬೈಕಿನಿಂದ ಒಳಕ್ಕೆ ಜೋತುಬಿದ್ದು ಮಂಡಿ ಉಜ್ಜುತ್ತಾನೆ. ಅವನು ಹೆಚ್ಚು ವಾಲಿ ಬೈಕಿನ ವಾಲಿಕೆಯನ್ನು ಉಳಿಸುತ್ತಾನೆ. ಸೂಪರ್‌ಮೋಟೊ ಸವಾರ ಇದಕ್ಕೆ ತದ್ವಿರುದ್ಧ: ತಾನು ನೆಟ್ಟಗೆ ಕುಳಿತು ಬೈಕನ್ನಷ್ಟೇ ಕೆಳಕ್ಕೆ ಒತ್ತುತ್ತಾನೆ, ಒಳಗಿನ ಕಾಲನ್ನು ಮುಂದೆ ಚಾಚುತ್ತಾನೆ. ಅವನ ಎಪ್ಪತ್ತು ಕಿಲೋ ದೇಹ ಅತ್ತಿತ್ತ ಹೊರಳಬೇಕಿಲ್ಲವಾದ್ದರಿಂದ ಎಡತಿರುವಿನಿಂದ ಬಲತಿರುವಿಗೆ ಬೈಕು ಕಣ್ಣುಮಿಟುಕಿಸುವಷ್ಟರಲ್ಲಿ ಮಗುಚುತ್ತದೆ. ಟೈರು ಜಾರಿದರೂ ಆಸಾಮಿ ಅದರ ಮೇಲೆಯೇ ಇರುತ್ತಾನೆ.

ಎತ್ತರಕ್ಕೆ ದಂಡವೂ ಉಂಟು. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ನುಗ್ಗುತ್ತದೆ. ಗುರುತ್ವ ಕೇಂದ್ರ ಎಷ್ಟು ಎತ್ತರವೋ ಅಷ್ಟು ಬೇಗ ಹಿಂದಿನ ಚಕ್ರ ನೆಲ ಬಿಡುತ್ತದೆ. ಸೂಪರ್‌ಮೋಟೊ ಸವಾರರು ಈ ದೋಷವನ್ನೇ ಕಸುಬು ಮಾಡಿಕೊಂಡರು. ಅರೆತೇಲುವ ಹಿಂದಿನ ಚಕ್ರವನ್ನು ಬೇಕೆಂದೇ ಪಕ್ಕಕ್ಕೆ ಜಾರಿಸಿ, ತಿರುವಿಗೆ ಬರುವ ಮೊದಲೇ ಬೈಕಿನ ಮೂತಿಯನ್ನು ಆಚೆ ದಾರಿಗೆ ತಿರುಗಿಸಿಕೊಳ್ಳುತ್ತಾರೆ.

ಡುಕಾಟಿ ಈ ಆಟಕ್ಕೆ ಇಳಿದದ್ದು ತಡವಾಗಿ. 2005ರ ನವೆಂಬರಿನಲ್ಲಿ ಮಿಲಾನ್ ಪ್ರದರ್ಶನದಲ್ಲಿ ಇಟ್ಟ ಮಾದರಿ ಜನರನ್ನು ಮರುಳು ಮಾಡಿತು. ವಿನ್ಯಾಸಕಾರ ಪಿಯರ್ ಟರ್ಬ್ಲಾಂಶ್ ದಕ್ಷಿಣ ಆಫ್ರಿಕಾದವನು. ಮುಂದೆ ಕೆಲಕಾಲ ನಮ್ಮ ರಾಯಲ್ ಎನ್‌ಫೀಲ್ಡ್‌ನಲ್ಲೂ ಇದ್ದ. 2007ರಲ್ಲಿ ರಸ್ತೆಗಿಳಿದ ಹೈಪರ್‌ಮೋಟಾರ್ಡ್ 1100ರಲ್ಲಿದ್ದದ್ದು 1078 ಸಿಸಿಯ, ಗಾಳಿಗೇ ತಣಿಯುವ, 90 ಅಶ್ವಶಕ್ತಿಯ ಜೋಡಿ ಸಿಲಿಂಡರ್ ಎಂಜಿನ್. ತಲೆಯೊಳಗೆ ಇನ್ನೂ ಗುನುಗುವ ಚೆಲುವು ಅದರದು. ಹ್ಯಾಂಡಲಿನ ತುದಿಯ ಕೈಗಾಪುಗಳಿಂದ ರೆಕ್ಕೆಯಂತೆ ಬಿಚ್ಚಿಕೊಳ್ಳುವ ಕನ್ನಡಿಗಳನ್ನು ನೋಡಿದರೆ ಸಾಕು, ಇಟಲಿಯವರು ಎಲ್ಲಿ ಸೋಲುತ್ತಾರೆ, ಎಲ್ಲಿ ಗೆಲ್ಲುತ್ತಾರೆ ಎರಡೂ ತಿಳಿಯುತ್ತದೆ. ನೋಡಲು ಅದ್ಭುತ. ಆದರೆ ಮೊದಲೇ ಅಗಲವಾದ ಹ್ಯಾಂಡಲಿಗೆ ಎರಡೂ ಕಡೆ ಮತ್ತೊಂದಿಷ್ಟು ಅಗಲ ಸೇರಿ, ವಾಹನಗಳ ನಡುವೆ ನುಸುಳುವ ಹೊತ್ತಿಗೆ ಮಡಚಿಕೊಳ್ಳಲೇಬೇಕು. ಮಡಚಿದ ಮೇಲೆ ಹಿಂದೆ ಬರುವ ಲಾರಿ ದೇವರಿಗೇ ಕಾಣಬೇಕು.

ನನಗಿರುವ ತಕರಾರು ಬೇರೆ. ಸೂಪರ್‌ಮೋಟೊದ ಜೀವಾಳ ಹಗುರವಾದ ಒಂಟಿ ಸಿಲಿಂಡರ್. ಡುಕಾಟಿಯ ಬಳಿ ಇದ್ದದ್ದು ಜೋಡಿ, ಅದನ್ನೇ ಹಾಕಿತು. ಮುಂದಿನ 796, 821, 939, 950 ಮಾದರಿಗಳೆಲ್ಲವೂ ಜೋಡಿಯೇ. ತಮಾಷೆಯೆಂದರೆ ಇದೇ ಟರ್ಬ್ಲಾಂಶ್ 1993ರಲ್ಲೇ ಡುಕಾಟಿಗಾಗಿ ‘ಸೂಪರ್‌ಮೊನೊ’ ಎಂಬ ಒಂಟಿ ಸಿಲಿಂಡರಿನ ರೇಸ್ ಬೈಕಿಗೆ ರೂಪ ಕೊಟ್ಟಿದ್ದ. ಮೊದಲ ಹೈಪರ್‌ಮೋಟಾರ್ಡ್ ಕಂಡ 18 ವರ್ಷಗಳ ನಂತರ, 2023ರ ಕೊನೆಗೆ, ಹೆಸರಿಗೆ ತಕ್ಕ ಎಂಜಿನ್ ಬಂತು: ಹೈಪರ್‌ಮೋಟಾರ್ಡ್ 698 ಮೊನೊ.

ಈ ಎಂಜಿನ್ನಿನ ಪಿಸ್ಟನ್ 116 ಮಿಲಿಮೀಟರ್ ಅಗಲ, ಹಾಡಿನ ಸಿಡಿಗಿಂತ 4 ಮಿಲಿಮೀಟರ್ ಮಾತ್ರ ಕಡಿಮೆ. ಅದು ಮೇಲೆಕೆಳಗೆ ಓಡಾಡುವ ದೂರವೋ ಬರೀ 62.4 ಮಿಲಿಮೀಟರ್. ನಮ್ಮ ಬೀದಿಯ ಸ್ಪ್ಲೆಂಡರಿನಲ್ಲಿ ಅಗಲ 50, ಓಡಾಟ 49.5, ಹೆಚ್ಚುಕಡಿಮೆ ಸಮ. ಇಲ್ಲೇಕೆ ಈ ತಟ್ಟೆಯಂಥ ಆಕಾರ? ಓಡಾಟ ಗಿಡ್ಡವಾದರೆ ಎಂಜಿನ್ ಹೆಚ್ಚು ವೇಗವಾಗಿ ಸುತ್ತಬಹುದು. ಅಗಲ ಹೆಚ್ಚಿದರೆ ದೊಡ್ಡ ವಾಲ್ವುಗಳಿಗೆ ಜಾಗ. 659 ಸಿಸಿಯ ಈ ಒಂಟಿ ಸಿಲಿಂಡರ್ ನಿಮಿಷಕ್ಕೆ 10,250 ಸುತ್ತಿನವರೆಗೆ ಹೋಗುತ್ತದೆ, 9,750ರಲ್ಲಿ 77.5 ಅಶ್ವಶಕ್ತಿ ಕೊಡುತ್ತದೆ. ಗರಿಷ್ಠ ಸುತ್ತಿನಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 21 ಮೀಟರ್ ದಾಟುತ್ತದೆ. ಅಂದರೆ ಗಂಟೆಗೆ ಸುಮಾರು 77 ಕಿಲೋಮೀಟರ್, ಅದೂ ಪ್ರತಿ ಸುತ್ತಿಗೆ ಎರಡು ಸಲ ಪೂರ್ತಿ ನಿಂತು ಹೊರಟು.

ಆ ಸುತ್ತಿನಲ್ಲಿ ಒಂದೊಂದು ವಾಲ್ವೂ ಸೆಕೆಂಡಿಗೆ 85 ಸಲ ತೆರೆದು ಮುಚ್ಚಬೇಕು. ಸಾಮಾನ್ಯ ಎಂಜಿನ್ನಿನಲ್ಲಿ ಕ್ಯಾಮ್ ಎಂಬ ಉಬ್ಬುಚಕ್ರ ವಾಲ್ವನ್ನು ತೆರೆಯುತ್ತದೆ, ಮುಚ್ಚುವುದು ಸ್ಪ್ರಿಂಗಿನ ಕೆಲಸ. ಆಸ್ಪತ್ರೆಯ ಸ್ಪ್ರಿಂಗ್ ಬಾಗಿಲನ್ನು ನೆನೆಸಿಕೊಳ್ಳಿ: ಜನ ಒಬ್ಬರ ಹಿಂದೊಬ್ಬರು ಓಡಿ ಬಂದರೆ ಅದು ಮುಚ್ಚುವಷ್ಟರಲ್ಲೇ ಮತ್ತೊಬ್ಬ ತಳ್ಳಿರುತ್ತಾನೆ. ಸ್ಪ್ರಿಂಗ್ ಹಿಂದೆ ಬಿದ್ದ ವಾಲ್ವಿಗೆ ಪಿಸ್ಟನ್ ಬಂದು ಬಡಿದರೆ ಎಂಜಿನ್ ಕಥೆ ಮುಗಿಯಿತು. 1954ರಲ್ಲಿ ಡುಕಾಟಿ ಸೇರಿದ ಎಂಜಿನಿಯರ್ ಫಾಬಿಯೊ ಟಾಲಿಯೋನಿ ಸ್ಪ್ರಿಂಗನ್ನು ನಂಬುವ ಗೋಜಿಗೇ ಹೋಗಲಿಲ್ಲ. ತೆರೆಯಲು ಒಂದು ಕ್ಯಾಮ್, ಎಳೆದು ಮುಚ್ಚಲು ಇನ್ನೊಂದು. ‘ಡೆಸ್ಮೊಡ್ರೊಮಿಕ್’ ಎಂದು ಇದರ ಹೆಸರು. ಈ ಉಪಾಯ ಅವನಿಗಿಂತ ಹಳೆಯದು, ಬಗ್ಗಿಸಿ ದುಡಿಸಿಕೊಂಡವನು ಅವನು. 1956ರಲ್ಲಿ ಸ್ವೀಡನ್ನಿನ ಹೆಡೆಮೋರಾದಲ್ಲಿ ಇಂಥ ಎಂಜಿನ್ನಿನ 125 ಸಿಸಿ ಡುಕಾಟಿ ತನ್ನ ಮೊದಲ ರೇಸನ್ನೇ ಗೆದ್ದಿತು. ಇಂದು ಸ್ಪ್ರಿಂಗುಗಳು ಎಷ್ಟೋ ಸುಧಾರಿಸಿವೆ, ಈ ವೇಗಕ್ಕೆ ಅವೇ ಸಾಕು. ಈ ಎಂಜಿನ್ನಿನಲ್ಲಿ ಮಾತ್ರ ಡುಕಾಟಿ ಮನೆದೇವರನ್ನು ಬಿಡಲಿಲ್ಲ.

ಒಂಟಿ ಸಿಲಿಂಡರಿನ ಶಾಪ ನಡುಕ. ಅಷ್ಟು ದೊಡ್ಡ ಪಿಸ್ಟನ್ ಒದೆಯುವಾಗ ಎದುರಿಗೆ ಒದೆಯುವವರು ಇರುವುದಿಲ್ಲ. ಹಳೆಯ ಸೂಪರ್‌ಮೊನೊದಲ್ಲಿ ಸಿಲಿಂಡರೇ ಇಲ್ಲದ ಕಡೆ ಎರಡನೆಯ ಕನೆಕ್ಟಿಂಗ್ ರಾಡೊಂದನ್ನು ಸುಮ್ಮನೆ ಆಡಿಸಿ ಸಮತೋಲ ತಂದಿದ್ದರು. 698ರಲ್ಲಿ ಕ್ರ್ಯಾಂಕಿನ ಹಿಂದೆಮುಂದೆ ಎರಡು ತೂಕದ ಶಾಫ್ಟುಗಳು ಆ ಕೆಲಸ ಮಾಡುತ್ತವೆ. ಪೆಟ್ರೋಲಿಲ್ಲದೆ ಇಡೀ ಬೈಕಿನ ತೂಕ 151 ಕಿಲೋ. ಹಿಂದಿನ ಚಕ್ರವನ್ನು ಹದವಾಗಿ ಜಾರಲು ಬಿಡುವ ಎಬಿಎಸ್ ಕೂಡ ಇದೆ. ಸವಾರರು ವರ್ಷಗಟ್ಟಲೆ ಬಿದ್ದು ಕಲಿತದ್ದನ್ನು ಕಂಪ್ಯೂಟರು ಕೈಹಿಡಿದು ಮಾಡಿಸುತ್ತದೆ.

ಲೆಕ್ಕವಿಲ್ಲದ ಅಂಗದ ಮಾತು ಹೇಳಿದ್ದೆನಲ್ಲ: ಬಾಲದ ಕೆಳಗೆ ಸೈಲೆನ್ಸರುಗಳು ಎರಡು. ಒಂದು ಸಿಲಿಂಡರಿಗೆ ಒಂದೇ ಸಾಕಿತ್ತು. ಚೆಂದಕ್ಕೆಂದು ಹೊತ್ತ ತೂಕವದು, ಕ್ಷಮಿಸುತ್ತೇನೆ. ಕ್ಷಮಿಸಲಾಗದ್ದು 12 ಲೀಟರಿನ ಟ್ಯಾಂಕು. ದೂರ ಪ್ರಯಾಣಕ್ಕೆ ಇದು ಬೈಕೇ ಅಲ್ಲ. ಬೊಲೊನ್ಯಾದ ಡುಕಾಟಿ ಕಾರ್ಖಾನೆಯಿಂದ ಫ್ಲಾರೆನ್ಸಿನ ಕಡೆ ಹೊರಟರೆ ಸಿಗುವ ಫ್ಯೂಟಾ ಘಟ್ಟದಂಥ ರಸ್ತೆಯಲ್ಲಿ, ಒಂದರ ಬೆನ್ನಿಗೊಂದು ತಿರುವುಗಳಿರುವಲ್ಲಿ, ಒಂದು ಗಂಟೆಯ ಮಟ್ಟಿಗೆ ಇದರಷ್ಟು ಖುಷಿ ಕೊಡುವ ಗಾಡಿ ಕಡಿಮೆ. 1100ನ್ನು ಗೋಡೆಗೆ ಒರಗಿಸಿ ನೋಡುತ್ತ ಕೂರಬಹುದು. ಓಡಿಸಲು ನನ್ನ ಓಟು 698ಕ್ಕೆ. ಷೋರೂಮಿಗೆ ಹೋಗುವ ಆಸೆಯಿದ್ದವರು ಮನೆಯಲ್ಲೇ ಟೇಪು ಹಿಡಿದು ಒಮ್ಮೆ ಕಾಲಿನ ಅಳತೆ ನೋಡಿಕೊಳ್ಳಿ. ಸೀಟಿನ ಎತ್ತರ 904 ಮಿಲಿಮೀಟರ್.