ನಾಚುವ ಮಗುವಿಗೆ ಆನ್‌ಲೈನ್ ಇಂಗ್ಲಿಷ್: ಸೇರಿಸುವ ಮುನ್ನ ಕೆಲವು ವಿಚಾರಗಳು

ಭಾನುವಾರದ ಬಲಿಪೂಜೆ ಮುಗಿದು ದೇವಾಲಯದ ಅಂಗಳಕ್ಕೆ ಬಂದಾಗ ನಾವೆಲ್ಲರೂ ಕಾಣುವ ದೃಶ್ಯವೊಂದಿದೆ. ಗುರುಗಳು ಮಕ್ಕಳನ್ನು ಮಾತನಾಡಿಸುತ್ತ ಬರುತ್ತಾರೆ. ಕೆಲವು ಮಕ್ಕಳು ಓಡಿಹೋಗಿ ಅವರ ಕೈ ಹಿಡಿಯುತ್ತಾರೆ. ಒಂದು ಮಗು ಮಾತ್ರ ತಾಯಿಯ ಸೆರಗಿನ ಹಿಂದೆ ಅಡಗುತ್ತದೆ. "ಫಾದರಿಗೆ ಹೆಸರು ಹೇಳಮ್ಮ, ಇಂಗ್ಲಿಷಿನಲ್ಲಿ ಹೇಳು" ಎಂದು ತಂದೆ ಒತ್ತಾಯಿಸಿದಷ್ಟೂ ಮಗುವಿನ ತುಟಿ ಬಿಗಿಯುತ್ತದೆ. "ಮನೆಯಲ್ಲಿ ಪಟಪಟನೆ ಮಾತನಾಡುತ್ತಾಳೆ ಫಾದರ್, ಇಲ್ಲಿಗೆ ಬಂದರೆ ಹೀಗೆ" ಎಂದು ತಾಯಿ ಸಂಕೋಚದಿಂದ ನಗುತ್ತಾರೆ.

ಅಂದು ಸಂಜೆಯೇ ಮನೆಯಲ್ಲಿ ಒಂದು ತೀರ್ಮಾನವಾಗುತ್ತದೆ: ಮಗುವನ್ನು ಆನ್‌ಲೈನ್ ಇಂಗ್ಲಿಷ್ ತರಗತಿಗೆ ಸೇರಿಸಬೇಕು. ಈ ತೀರ್ಮಾನದ ಹಿಂದಿರುವ ಕಳಕಳಿಯನ್ನು ನಾವು ಹಗುರವಾಗಿ ಕಾಣಲಾರೆವು. ಮನೆಯಲ್ಲಿ ಕೊಂಕಣಿ, ತಮಿಳು ಅಥವಾ ಕನ್ನಡ, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ನಮ್ಮ ಅನೇಕ ಕುಟುಂಬಗಳ ಮಕ್ಕಳ ಬಾಲ್ಯ ಇಂತಹುದು. ಕನ್ನಡ ಮಾಧ್ಯಮದಲ್ಲಿ ಓದಿ, ಕಾಲೇಜಿನಲ್ಲಿ ಇಂಗ್ಲಿಷಿನೆದುರು ತಲೆತಗ್ಗಿಸಿ ಕುಳಿತ ನೆನಪುಳ್ಳ ತಂದೆತಾಯಿಗಳು ಆ ನೋವು ಮಕ್ಕಳಿಗೆ ಬಾರದಿರಲೆಂದು ಬಯಸುವುದು ಸಹಜ. 2020ರ ಕೊರೊನಾ ದಿನಗಳಿಂದೀಚೆಗೆ ಪರದೆಯ ಪಾಠವೂ ಮನೆಮನೆಗೆ ಪರಿಚಿತವಾಗಿದೆ. ಆದರೆ ಚುರುಕಾಗಿ ಮಾತನಾಡುವ ಮಗುವಿಗೆ ಒಪ್ಪುವ ತರಗತಿ ನಾಚುವ ಮಗುವಿಗೂ ಒಪ್ಪಬೇಕೆಂದಿಲ್ಲ. ಆಯ್ಕೆ ತಪ್ಪಿದರೆ ಹಣದ ಜೊತೆಗೆ ಮಗುವಿನ ಧೈರ್ಯವೂ ಕರಗಿಹೋಗುವ ಅಪಾಯವಿದೆ.

ನಮಗೆ ಪರಿಚಿತವಾದ ಕುಟುಂಬವೊಂದರಲ್ಲಿ ಹೀಗೇ ಆಯಿತು. ಐದು ವರ್ಷದ ಬಾಲಕಿಯನ್ನು ಉಚಿತ ಮಾದರಿ ತರಗತಿಯೊಂದಕ್ಕೆ ಕೂರಿಸಲಾಯಿತು. ಪರದೆಯ ಮೇಲೆ ಅಪರಿಚಿತ ಮಕ್ಕಳ ಮುಖಗಳು. ಒಬ್ಬೊಬ್ಬರೂ ಎದ್ದು ತಮ್ಮ ಬಗ್ಗೆ ಹೇಳಬೇಕು. ಇವಳು ಹೇಳಲಿಲ್ಲ. ಮರುದಿನ ದೂರವಾಣಿ ಬಂತು: "ನಿಮ್ಮ ಮಗು ತುಂಬ ಹಿಂದೆ ಬಿದ್ದಿದೆ." ಗಾಬರಿಗೊಂಡ ತಂದೆತಾಯಿ ವರ್ಷದ ಶುಲ್ಕವನ್ನು ಕಂತಿನ ಸಾಲದಲ್ಲಿ ಕಟ್ಟಿದರು. ಕೆಲವೇ ವಾರಗಳಲ್ಲಿ ತರಗತಿಯ ಹೊತ್ತಿಗೆ ಸರಿಯಾಗಿ ಮಗುವಿಗೆ ಹೊಟ್ಟೆನೋವು ಬರತೊಡಗಿತು. ರಾತ್ರಿಯ ಜಪಸರದಲ್ಲಿ ಕೊನೆಯ ರಹಸ್ಯದ ನಮೋ ಮರಿಯ ಹೇಳಿಸುವುದು ಆ ಮನೆಯಲ್ಲಿ ಅವಳ ಪಾಲಿನ ಕೆಲಸವಾಗಿತ್ತು. ಅದನ್ನೂ ಅವಳು ನಿಲ್ಲಿಸಿಬಿಟ್ಟಳು. ಆಗಲೇ ಮನೆಯವರಿಗೆ ಎಚ್ಚರವಾದದ್ದು.

ಮೌನವೆಲ್ಲ ದೋಷವಲ್ಲ

ಹೊಸ ಭಾಷೆಯೊಂದರ ನಡುವೆ ಬಂದು ಬಿದ್ದ ಎಳೆಯ ಮಕ್ಕಳಲ್ಲಿ ಹಲವರು ಕೆಲವು ಕಾಲ ಮಾತನಾಡದೆ ಕೇಳುತ್ತಲೇ ಇರುತ್ತಾರೆ. ಭಾಷಾಶಿಕ್ಷಣ ತಜ್ಞರು ಇದನ್ನು ಮೌನದ ಅವಧಿ ಎಂದು ಗುರುತಿಸಿದ್ದಾರೆ. ಆ ಅವಧಿಯಲ್ಲಿಯೂ ಮಗು ಕಲಿಯುತ್ತಲೇ ಇರುತ್ತದೆ. ಕೇಳಿದ ಮಾತಿನ ಅರ್ಥ ಮೊದಲು ಕೂಡುತ್ತದೆ, ಆಡುವ ಮಾತು ಅನಂತರ ಬರುತ್ತದೆ. ಸ್ವಭಾವತಃ ಸಂಕೋಚವುಳ್ಳ ಮಗುವಿಗೆ ಈ ಅವಧಿ ಇನ್ನಷ್ಟು ದೀರ್ಘವಾಗಬಹುದು.

ಪವಿತ್ರ ಗ್ರಂಥವನ್ನು ಬಲ್ಲ ನಮಗೆ ಇದು ಅಪರಿಚಿತ ಸಂಗತಿಯಾಗಬಾರದು. ವಿಮೋಚನಕಾಂಡದಲ್ಲಿ ಮೋಶೆ ತಾನು ಮಾತಿನಲ್ಲಿ ನಿಧಾನಿಯೆಂದು ದೇವರೆದುರು ಹಿಂಜರಿದಾಗ, ದೇವರು ಅವನ ಅಣ್ಣ ಆರೋನನನ್ನು ಜೊತೆಗೆ ಕೊಟ್ಟರು. ಅದೇ ಮೋಶೆ ಜನತೆಗೆ ಮಾಡಿದ ಸುದೀರ್ಘ ಉಪದೇಶಗಳೇ ಮುಂದೆ ಧರ್ಮೋಪದೇಶಕಾಂಡದ ಬಹುಭಾಗವನ್ನು ತುಂಬಿವೆ. ಸಂತ ಥಾಮಸ್ ಅಕ್ವಿನಾಸರನ್ನು ಸಹಪಾಠಿಗಳು ಮೂಕ ಎತ್ತು ಎಂದು ಹಾಸ್ಯ ಮಾಡುತ್ತಿದ್ದರೆಂದೂ, ಆ ಮೌನದೊಳಗಿನ ಪ್ರತಿಭೆಯನ್ನು ಗುರು ಆಲ್ಬರ್ಟರು ಗುರುತಿಸಿದರೆಂದೂ ಅವರ ಚರಿತ್ರೆ ಹೇಳುತ್ತದೆ. ಹಿಂಜರಿಯುವವನಿಗೆ ಬೇಕಾದುದು ಜೊತೆಗಿರುವ ಒಬ್ಬರು, ಕಾಯಬಲ್ಲ ಒಬ್ಬರು.

ಆದರೂ ಒಂದು ಎಚ್ಚರಿಕೆ ಅಗತ್ಯ. ಮನೆಯಲ್ಲಿ ಸರಾಗವಾಗಿ ಮಾತನಾಡುವ ಮಗು ಶಾಲೆಯಲ್ಲಿ ತನಗೆ ಚೆನ್ನಾಗಿ ಬರುವ ಭಾಷೆಯಲ್ಲೂ ತಿಂಗಳುಗಟ್ಟಲೆ ಒಂದು ಮಾತೂ ಆಡದಿದ್ದರೆ, ಅಥವಾ ಮಾತು, ಶ್ರವಣದ ಬಗ್ಗೆ ಸಂದೇಹವಿದ್ದರೆ, ಇಂಗ್ಲಿಷ್ ತರಗತಿ ಅದಕ್ಕೆ ಮದ್ದಲ್ಲ. ಮೊದಲು ಮಕ್ಕಳ ವೈದ್ಯರನ್ನು ಕಾಣಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಗಳು ನಮ್ಮ ರಾಜ್ಯದಲ್ಲಿಯೇ ಇವೆ.

ಪರದೆಯ ಆಚೆ ಯಾರಿದ್ದಾರೆ?

ಆನ್‌ಲೈನ್ ಪಾಠವೆಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತಿವೆ. ಒಂದು, ಮೊದಲೇ ಚಿತ್ರೀಕರಿಸಿದ ಹಾಡು, ಆಟ, ಕಥೆಗಳ ಆ್ಯಪ್. ಇನ್ನೊಂದು, ಆ ಕ್ಷಣದಲ್ಲಿಯೇ ಮಗುವಿನೊಡನೆ ಮಾತನಾಡುವ ಶಿಕ್ಷಕರು. ಅಮೆರಿಕೆಯಲ್ಲಿ ಪ್ಯಾಟ್ರಿಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಸ್ಮರಣೀಯ. ಒಂಬತ್ತು ತಿಂಗಳ ಶಿಶುಗಳು ಎದುರಿಗೆ ಕುಳಿತು ಮಾತನಾಡಿದ ವ್ಯಕ್ತಿಯಿಂದ ಚೀನೀ ಭಾಷೆಯ ಧ್ವನಿಗಳನ್ನು ಕಲಿತವು; ಅದೇ ವ್ಯಕ್ತಿಯ ಚಿತ್ರಮುದ್ರಿಕೆಯಿಂದ ಕಲಿಯಲಿಲ್ಲ. 2014ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ಎರಡು, ಎರಡೂವರೆ ವರ್ಷದ ಮಕ್ಕಳು ವಿಡಿಯೋ ಕರೆಯಲ್ಲಿ ತಮ್ಮೊಡನೆಯೇ ಮಾತನಾಡಿದವರಿಂದ ಹೊಸ ಪದಗಳನ್ನು ಕಲಿತರು. ಮುದ್ರಿತ ಚಿತ್ರದಿಂದ ಕಲಿಯಲಿಲ್ಲ. ಪರದೆ ಅಡ್ಡವಿದ್ದರೂ ತನ್ನನ್ನು ನೋಡಿ, ತನಗೆ ಉತ್ತರಿಸುವ ಮನುಷ್ಯರೊಬ್ಬರು ಆಚೆಯಿರಬೇಕೆಂಬುದೇ ಇದರ ತಾತ್ಪರ್ಯ.

ಗುರುವಿನ ಆಯ್ಕೆ

ಆದುದರಿಂದ ಸಂಸ್ಥೆಯ ಜಾಹೀರಾತಿಗಿಂತ ಮೊದಲು ಶಿಕ್ಷಕರನ್ನು ನೋಡಬೇಕು. ಪ್ರತಿ ತರಗತಿಗೂ ಅದೇ ಶಿಕ್ಷಕರು ಬರುವರೇ ಎಂಬುದು ನಮ್ಮ ಮೊದಲ ಪ್ರಶ್ನೆಯಾಗಿರಬೇಕು. ವಾರಕ್ಕೊಂದು ಹೊಸ ಮುಖ ಕಂಡರೆ ನಾಚುವ ಮಗು ವಾರವಾರವೂ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಆರಂಭದಲ್ಲಿ ಒಬ್ಬ ಶಿಕ್ಷಕರು, ಒಂದು ಮಗು ಎಂಬ ಕ್ರಮವೇ ಲೇಸು. ಧೈರ್ಯ ಬಂದ ಮೇಲೆ ಎರಡು ಮೂರು ಮಕ್ಕಳ ಗುಂಪಿಗೆ ಸೇರಿಸಬಹುದು. ಶಿಕ್ಷಕರು ವಿದೇಶೀಯರೇ ಆಗಬೇಕೆಂಬ ಹಂಬಲ ಅನಾವಶ್ಯಕ. ಸ್ಪಷ್ಟ ಉಚ್ಚಾರಣೆಯ ಜೊತೆಗೆ ಮಗುವಿನ ಮನೆಮಾತನ್ನೂ ಬಲ್ಲವರಾದರೆ, ಮಗು ಕನ್ನಡದಲ್ಲಿ ಪಿಸುಗುಟ್ಟಿದ ಮಾತೂ ಅವರಿಗೆ ಅರ್ಥವಾಗುತ್ತದೆ.

ಮಾದರಿ ತರಗತಿಯಲ್ಲಿ ಮಗು ಎಷ್ಟು ಮಾತನಾಡಿತೆಂದು ಎಣಿಸುವ ಬದಲು ಶಿಕ್ಷಕರು ಎಷ್ಟು ಹೊತ್ತು ಕಾದರೆಂದು ಗಮನಿಸೋಣ. ಪ್ರಶ್ನೆ ಕೇಳಿ ಸುಮ್ಮನೆ ಕಾಯುವರೋ, ಮತ್ತೆ ಮತ್ತೆ ಅದನ್ನೇ ಕೇಳುವರೋ? ತಲೆಯಾಡಿಸುವುದನ್ನು, ಬೆರಳು ತೋರುವುದನ್ನು, ಬೊಂಬೆಯೊಂದನ್ನು ಎತ್ತಿ ಹಿಡಿಯುವುದನ್ನು ಉತ್ತರವೆಂದು ಸ್ವೀಕರಿಸುವರೋ? ಬಣ್ಣ ಯಾವುದೆಂದು ಕೇಳುವ ಬದಲು, ಕೆಂಪೋ ಹಸಿರೋ ಎಂದು ಕೇಳಿ ಮಗುವಿನ ಹೊರೆ ಇಳಿಸುವರೋ? "ಯಾಕೆ ಮಾತನಾಡುವುದಿಲ್ಲ?" ಎಂದು ಕೇಳುವ ಶಿಕ್ಷಕರನ್ನು ಅಲ್ಲಿಗೇ ಬಿಟ್ಟುಬಿಡುವುದು ಒಳ್ಳೆಯದು.

ಮನೆಯ ಸಿದ್ಧತೆ

ಮೊದಲ ದಿನ ಮಗುವಿಲ್ಲದೆ ನಾವೇ ಶಿಕ್ಷಕರೊಡನೆ ಮಾತನಾಡೋಣ. ಮಗುವಿನ ಇಷ್ಟದ ಬೊಂಬೆ, ಹಾಡು, ಸಾಕಿದ ಬೆಕ್ಕಿನ ಹೆಸರು ಎಲ್ಲವನ್ನೂ ತಿಳಿಸೋಣ. ಪಾಠದ ವೇಳೆ ಮೊಬೈಲಿಗಿಂತ ದೊಡ್ಡ ಪರದೆ ಮೇಲು. ಪರದೆಯಲ್ಲಿ ತನ್ನದೇ ಮುಖ ಕಾಣುತ್ತಿದ್ದರೆ ನಾಚುವ ಮಗು ಮತ್ತಷ್ಟು ಕುಗ್ಗಬಹುದು. ಅದನ್ನು ಮರೆಮಾಡುವ ಸೌಲಭ್ಯ ಹಲವು ವಿಡಿಯೋ ಕರೆಗಳಲ್ಲಿದೆ. ತಾಯಿಯೋ ತಂದೆಯೋ ಪಕ್ಕದಲ್ಲಿ ಕೂರಲಿ, ಆದರೆ ಮಗುವಿನ ಪರವಾಗಿ ಉತ್ತರಿಸದಿರಲಿ. ನೆಂಟರನ್ನು ಕರೆದು ಪಾಠ ತೋರಿಸುವುದಂತೂ ಬೇಡವೇ ಬೇಡ.

ಅವಧಿಯೂ ಮಿತವಾಗಿರಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ, ಎರಡರಿಂದ ನಾಲ್ಕು ವರ್ಷದ ಮಕ್ಕಳು ಪರದೆಯ ಮುಂದೆ ಕೂರುವ ಸಮಯ ದಿನಕ್ಕೆ ಒಂದು ಗಂಟೆ ಮೀರಬಾರದೆಂದು, ಅದಕ್ಕಿಂತ ಕಡಿಮೆಯಾದಷ್ಟೂ ಒಳಿತೆಂದು ಸಲಹೆ ನೀಡಿತು. ಕೇಂದ್ರ ಸರ್ಕಾರ 2020ರಲ್ಲಿ ಹೊರತಂದ ಪ್ರಜ್ಞಾತಾ ಮಾರ್ಗಸೂಚಿ ಪೂರ್ವಪ್ರಾಥಮಿಕ ಹಂತಕ್ಕೆ ದಿನಕ್ಕೆ 30 ನಿಮಿಷದ ಮಿತಿಯನ್ನು ಸೂಚಿಸಿತ್ತು. ವಾರಕ್ಕೆ ಎರಡು ಮೂರು ದಿನ, ಇಪ್ಪತ್ತು ನಿಮಿಷ; ಎಳೆಯ ಮಗುವಿಗೆ ಇಷ್ಟು ಸಾಕೆಂಬುದು ನಮ್ಮ ಅಭಿಪ್ರಾಯ.

ಹಣ ಕಟ್ಟುವ ಮುನ್ನ

ಭಯದಲ್ಲಿ ಸಹಿ ಹಾಕಬಾರದು. ವರ್ಷದ ಶುಲ್ಕಕ್ಕಿಂತ ತಿಂಗಳ ಶುಲ್ಕ ಲೇಸು. ಕಂತಿನ ಶುಲ್ಕವೆಂದು ಹೇಳುವುದು ಕೆಲವೊಮ್ಮೆ ನಮ್ಮ ಹೆಸರಿನಲ್ಲಿ ಪಡೆದ ಸಾಲವೇ ಆಗಿರುತ್ತದೆ. ತರಗತಿ ಬಿಟ್ಟರೂ ಕಂತು ನಿಲ್ಲುವುದಿಲ್ಲ. ಇಂತಹ ದೂರುಗಳ ಹಿನ್ನೆಲೆಯಲ್ಲಿಯೇ ಕೇಂದ್ರ ಶಿಕ್ಷಣ ಸಚಿವಾಲಯ 2021ರ ಡಿಸೆಂಬರಿನಲ್ಲಿ ಪೋಷಕರಿಗೆ ಎಚ್ಚರಿಕೆಯ ಸಲಹೆಗಳನ್ನು ಪ್ರಕಟಿಸಿ, ಬ್ಯಾಂಕ್ ಖಾತೆಯಿಂದ ಹಣ ತಾನಾಗಿ ಕಡಿತವಾಗುವ ವ್ಯವಸ್ಥೆಗೆ ಒಪ್ಪಿಗೆ ನೀಡದಿರುವಂತೆ ಸೂಚಿಸಿತು. ಹಣ ವಾಪಸಾತಿಯ ನಿಯಮ ಲಿಖಿತದಲ್ಲಿರಲಿ. ಪಾಠವನ್ನು ಚಿತ್ರೀಕರಿಸುವರೇ, ಮಗುವಿನ ಚಿತ್ರವನ್ನು ಜಾಹೀರಾತಿಗೆ ಬಳಸುವರೇ ಎಂದೂ ಕೇಳೋಣ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ತಂದೆತಾಯಿಯೇ ಮೊದಲ ಶಿಕ್ಷಕರು

ಒಂದು ತಿಂಗಳ ನಂತರ ಮಗುವನ್ನೇ ನೋಡೋಣ. ತರಗತಿಯ ಹೊತ್ತಿಗೆ ಅದು ಬಾಗಿಲ ಹಿಂದೆ ಅಡಗುತ್ತಿದ್ದರೆ ನಿಲ್ಲಿಸುವುದರಲ್ಲಿ ಅವಮಾನವಿಲ್ಲ. ಆಡುವಾಗ ಪಾಠದ ಹಾಡನ್ನು ತನ್ನಷ್ಟಕ್ಕೆ ಗುನುಗುತ್ತಿದ್ದರೆ, ಪರದೆಯ ಮುಂದೆ ಮೌನವಾಗಿದ್ದರೂ ಕಲಿಕೆ ನಡೆದಿದೆಯೆಂದು ತಿಳಿಯಬಹುದು. ಶುಲ್ಕ ಕಟ್ಟಲಾಗದವರೂ ಕೊರಗಬೇಕಿಲ್ಲ. ಮಲಗುವ ಮುನ್ನ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಸಣ್ಣ ಇಂಗ್ಲಿಷ್ ಚಿತ್ರಪುಸ್ತಕವೊಂದನ್ನು ಓದುವುದೂ ಉತ್ತಮ ಪಾಠವೇ.

ಇಂಗ್ಲಿಷ್ ಬರಲೆಂದು ಮನೆಮಾತನ್ನು ಮಾತ್ರ ಕೈಬಿಡಬಾರದು. ಅಜ್ಜಿಯೊಡನೆ ಆಡುವ, ಜಗಳವಾಡುವ, ಪ್ರಾರ್ಥಿಸುವ ಭಾಷೆಯಲ್ಲಿ ಗಟ್ಟಿಯಾದ ದನಿಯೇ ಬೇರೆ ಭಾಷೆಗೂ ಆಧಾರ. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಪ್ರಕಟಿಸಿದ ಕ್ರೈಸ್ತ ಶಿಕ್ಷಣ ಕುರಿತ ಘೋಷಣೆ, ಮಕ್ಕಳ ಮೊದಲ ಹಾಗೂ ಪ್ರಧಾನ ಶಿಕ್ಷಕರು ತಂದೆತಾಯಿಯರೇ ಎಂದು ಸಾರಿದೆ. ಆ ಹೊಣೆಯನ್ನು ಯಾವ ಪರದೆಗೂ ವಹಿಸಿಕೊಡಲಾಗದು.

ಮೇಲೆ ಹೇಳಿದ ಬಾಲಕಿಯ ತಂದೆತಾಯಿ ಕಟ್ಟಿದ ಹಣವನ್ನು ಬಿಟ್ಟುಕೊಟ್ಟು ಆ ತರಗತಿಯನ್ನು ನಿಲ್ಲಿಸಿದರು. ಕೆಲವು ತಿಂಗಳ ಬಿಡುವಿನ ನಂತರ ಪರಿಚಯದ ಶಿಕ್ಷಕಿಯೊಬ್ಬರು ವಾರಕ್ಕೆ ಎರಡು ದಿನ ಪರದೆಯಲ್ಲಿ ಅವಳೊಡನೆ ಆಡತೊಡಗಿದರು. ಮೊದಲ ವಾರಗಳಲ್ಲಿ ಅವಳು ಬೊಂಬೆಗಳನ್ನು ತೋರಿಸಿದಳೇ ಹೊರತು ಮಾತನಾಡಲಿಲ್ಲ. ಆ ಶಿಕ್ಷಕಿ ಕಾದರು. ಈಗ ಅವಳು ಬೆಕ್ಕಿನ ಕಥೆಯೊಂದನ್ನು ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕನ್ನಡದಲ್ಲಿ ಹೇಳುತ್ತಾಳೆ. ದೇವಾಲಯದ ಅಂಗಳದಲ್ಲಿ ಇಂದಿಗೂ ತಾಯಿಯ ಸೆರಗಿನ ಹಿಂದೆಯೇ ನಿಲ್ಲುತ್ತಾಳೆ. ಆದರೆ ರಾತ್ರಿಯ ಜಪಸರದಲ್ಲಿ ಕೊನೆಯ ರಹಸ್ಯ ಮತ್ತೆ ಅವಳದಾಗಿದೆ. ನಾಚುವ ಮಗುವಿರುವ ಪ್ರತಿಯೊಂದು ಮನೆಗೂ ಕಾಯುವ ತಾಳ್ಮೆಯನ್ನು ದೇವರು ಕರುಣಿಸಲಿ.