ಎಷ್ಟು ಎಲೆ? ಕೋಟದ ಮದುವೆಯ ಮೊದಲ ಪ್ರಶ್ನೆ

ಉಡುಪಿ ಜಿಲ್ಲೆಯ ಕೋಟ, ಸಾಲಿಗ್ರಾಮದ ಕಡೆ ಮದುವೆ ಮಾತುಕತೆ ಮುಗಿದ ಮೇಲೆ ಅಡುಗೆ ಭಟ್ಟರಿಗೆ ಫೋನ್ ಹೋಗಲು ಹೆಚ್ಚು ಹೊತ್ತು ಬೇಡ. ದಿನ ಹೇಳಿದ ಕೂಡಲೇ ಎಷ್ಟು ಜನರಿಗೆ ಊಟ ಎಂಬ ಪ್ರಶ್ನೆ ಆ ಕಡೆಯಿಂದ ಬರುತ್ತದೆ: "ಎಷ್ಟ್ ಎಲಿ ಆತ್ತ್?" ಇದಕ್ಕೆ ಮನೆಯವರ ಬಳಿ ಸರಿಯಾದ ಉತ್ತರವಿದ್ದರೆ ಸಭಾಭವನ, ಬಸ್ಸು, ಮಲ್ಲಿಗೆ, ತಾಂಬೂಲದ ಚೀಲ ಎಲ್ಲವೂ ಅದರ ಬೆನ್ನಿಗೆ ಬರುತ್ತವೆ. ಉತ್ತರವಿಲ್ಲದ ಮನೆಯಲ್ಲಿ ಎಷ್ಟೇ ಹೆಸರಾಂತ ಅಡುಗೆಯವರನ್ನು ಕರೆಸಿದರೂ ಕೊನೆಯ ಪಂಕ್ತಿಯ ಹೊತ್ತಿಗೆ ಯಜಮಾನರ ಮುಖ ಬಾಡಿರುತ್ತದೆ.

ಹಿಂದೆ ಇಲ್ಲಿಯ ಮದುವೆಗಳು ಮನೆಯಂಗಳದ ಚಪ್ಪರದಲ್ಲೇ ನಡೆಯುತ್ತಿದ್ದವು. ಅಡಿಕೆ ಮರದ ಕಂಬ, ತೆಂಗಿನ ಮಡಲು, ಹಿಂದಿನ ರಾತ್ರಿ ತರಕಾರಿ ಹೆಚ್ಚುವುದಕ್ಕೆ, ಕಾಯಿ ತುರಿಯುವುದಕ್ಕೆ ನೆರೆಕರೆಯವರು. ಯಾರನ್ನೂ ಹುಡುಕಿ ಗೊತ್ತುಮಾಡಬೇಕಿರಲಿಲ್ಲ. ಉಪ್ಪು ಕಡಿಮೆಯಾದರೆ ಪಕ್ಕದ ಮನೆಯಿಂದ ಬರುತ್ತಿತ್ತು, ಬಡಿಸಲು ಜನ ಸಾಲದಿದ್ದರೆ ಉಂಡು ಎದ್ದವರೇ ಸೌಟು ಹಿಡಿಯುತ್ತಿದ್ದರು. ಈಗ ಮಕ್ಕಳು ಬೆಂಗಳೂರು, ಮುಂಬೈ, ದುಬೈ ಸೇರಿದ್ದಾರೆ. ಮನೆಯಲ್ಲಿ ಉಳಿದವರು ವಯಸ್ಸಾದ ಅಪ್ಪ ಅಮ್ಮ. ನೆರೆಕರೆಯ ಕೈಗಳ ಜಾಗಕ್ಕೆ ದುಡ್ಡು ಕೊಟ್ಟು ಕರೆಸುವ ಕೈಗಳು ಬಂದಿವೆ. ಆದ್ದರಿಂದ ಮದುವೆಯ ದಿನ ಬೆಳಿಗ್ಗೆ ಒಂದು ಕೆಲಸ ಕೈಕೊಟ್ಟರೆ ಎದುರಿಗೆ ಬಂದು ನಿಲ್ಲುವವರು ಯಾರು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ದರ, ಅಂದ, ಹೆಸರು ಎಲ್ಲವನ್ನೂ ಆಮೇಲೆ ನೋಡಿದರಾಯಿತು.

ಹೇಳಿಕೆಯ ಲೆಕ್ಕ

ನಮ್ಮಲ್ಲಿ ಕಾಗದ ಕೊಟ್ಟ ಮಾತ್ರಕ್ಕೆ ಕರೆದ ಹಾಗಾಗುವುದಿಲ್ಲ, ಮನೆ ಮನೆಗೆ ಹೋಗಿ ಹೇಳಿಕೆ ಮಾಡಬೇಕು. ಯಾರ ಮನೆಗೆ ಮನೆಮಂದಿಗೆಲ್ಲ, ಯಾರ ಮನೆಗೆ ಒಬ್ಬರಿಗೆ ಎಂಬುದು ಮಾತಿನ ಧಾಟಿಯಲ್ಲೇ ತಿಳಿಯುತ್ತದೆ. ಇದು ಚಂದದ ಪದ್ಧತಿ, ಉಳಿಯಬೇಕಾದ್ದು. ಆದರೆ ಬರುತ್ತೇನೆ, ಬರುವುದಿಲ್ಲ ಎಂಬ ಉತ್ತರ ಇದರಲ್ಲಿ ಸಿಗುವುದಿಲ್ಲ. ಹಾಗಾಗಿ ಹೇಳಿಕೆಗೆ ಹೊರಡುವಾಗಲೇ ಒಂದು ಪುಸ್ತಕ ಕೈಯಲ್ಲಿರಲಿ. ಹಿಂದಿನ ದಿನದಿಂದಲೇ ಮನೆಯಲ್ಲಿರುವ ಹತ್ತಿರದ ನೆಂಟರನ್ನು ಒಂದು ಪುಟದಲ್ಲಿ, ಧಾರೆಗೆ ಬಂದು ಉಂಡು ಹೋಗುವ ಊರವರನ್ನು ಮತ್ತೊಂದರಲ್ಲಿ, ರೈಲು ಬಸ್ಸು ಹತ್ತಿ ಬರಬೇಕಾದವರನ್ನು ಬೇರೆ ಪುಟದಲ್ಲಿ ಬರೆಯಿರಿ. ಮೊದಲ ಪುಟದ ಲೆಕ್ಕ ತಪ್ಪುವುದಿಲ್ಲ. ಮೂರನೆಯದು ಫೋನ್‌ನಲ್ಲಿ ಗಟ್ಟಿಯಾಗುತ್ತದೆ. ಹೆಚ್ಚು ಕಡಿಮೆಯಾಗುವುದು ಎರಡನೆಯದೇ. ಅದೇ ದಿನ ಅದೇ ಊರಿನಲ್ಲಿ ಇನ್ನೆಷ್ಟು ಮದುವೆ, ಗೃಹಪ್ರವೇಶಗಳಿವೆ ಎಂಬುದರ ಮೇಲೆ ಅದು ನಿಂತಿರುತ್ತದೆ. ಆ ಸುದ್ದಿ ಪುರೋಹಿತರಿಗೂ ಅಡುಗೆ ಭಟ್ಟರಿಗೂ ಗೊತ್ತಿರುತ್ತದೆ, ಕೇಳಿ.

ದೂರದವರ ವಿಷಯದಲ್ಲಿ ಇನ್ನೊಂದು ಮಾತು. ರೈಲು ಟಿಕೆಟನ್ನು ಈಗ 60 ದಿನ ಮೊದಲು ಮಾತ್ರ ಕಾಯ್ದಿರಿಸಬಹುದು. 2024ರ ನವೆಂಬರ್‌ನಿಂದ ಬಂದ ನಿಯಮ ಇದು. ಮೇ ತಿಂಗಳಲ್ಲಿ ಬೆಂಗಳೂರಿನಿಂದ ಬಾರ್ಕೂರು, ಕುಂದಾಪುರ ನಿಲ್ದಾಣಗಳಿಗೆ ಬರುವ ಗಾಡಿಗಳಲ್ಲಿ ಜಾಗ ಸಿಗುವುದು ಕಷ್ಟ. ಕಾಗದ ಅಚ್ಚಾಗುವ ತನಕ ಕಾಯದೆ ದಿನವನ್ನು ಮೊದಲೇ ತಿಳಿಸಿದರೆ ಆ ಮೂರನೇ ಪುಟದ ನೆಂಟರು ನಿಜಕ್ಕೂ ಬರುತ್ತಾರೆ.

ದಿನ, ಮಳೆ, ಜಾತ್ರೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮಳೆಯದೇ ಆಳ್ವಿಕೆ. ಆಸಾಡಿಯಲ್ಲಿ, ಅಂದರೆ ಆಷಾಢದಲ್ಲಿ, ಶುಭಕಾರ್ಯವಿಲ್ಲ, ಹೊಸ ಮದುಮಗಳು ತವರಿಗೆ ಹೋಗುವ ತಿಂಗಳು ಅದು. ಡಿಸೆಂಬರ್ ನಡುವಿನಿಂದ ಜನವರಿ ನಡುವಿನವರೆಗೆ ಧನುರ್ಮಾಸವೆಂದು ಬಹಳ ಮನೆಗಳವರು ಮುಹೂರ್ತ ಇಡುವುದಿಲ್ಲ. ಉಳಿದ ತಿಂಗಳುಗಳಿಗೆ ಎಲ್ಲರೂ ಮುಗಿಬೀಳುತ್ತಾರೆ. ಯಕ್ಷಗಾನ ಮೇಳಗಳ ತಿರುಗಾಟ, ಕೋಲ, ಕಂಬಳ, ಬ್ರಹ್ಮಕಲಶ ಎಲ್ಲವೂ ಇದೇ ಕಾಲದವು. ಮೈಕ್‌ಸೆಟ್ಟಿನವರು, ಶಾಮಿಯಾನದವರು, ಜನರೇಟರಿನವರು, ಅಡುಗೆಯವರು ಮದುವೆಗೂ ಇವಕ್ಕೂ ಬೇಕಾದವರೇ. ಕೋಟೇಶ್ವರದ ಕೋಡಿ ಹಬ್ಬದ ದಿನವೋ ಮಂದಾರ್ತಿ ಜಾತ್ರೆಯ ದಿನವೋ ಹತ್ತಿರದಲ್ಲೇ ಮದುವೆ ಇಟ್ಟುಕೊಂಡರೆ ದಾರಿಯಲ್ಲಿ ದಿಬ್ಬಣದ ಬಸ್ಸು ಸಿಕ್ಕಿಬೀಳುತ್ತದೆ. ಪುರೋಹಿತರು ಎರಡು ಮೂರು ಮುಹೂರ್ತ ಕೊಟ್ಟಿದ್ದರೆ ಜಾತ್ರೆಯ ಪಟ್ಟಿ ನೋಡಿ ಒಂದನ್ನು ಆರಿಸಿ.

ಸಭಾಭವನದಲ್ಲಿ ನೋಡಬೇಕಾದ್ದು ಬಾವಿ

ಬ್ರಹ್ಮಾವರದಿಂದ ಕುಂದಾಪುರದವರೆಗೆ ರಾಷ್ಟ್ರೀಯ ಹೆದ್ದಾರಿ 66ರ ಎರಡೂ ಬದಿ ಸಭಾಭವನಗಳಿಗೆ ಕೊರತೆಯಿಲ್ಲ. ದೇವಸ್ಥಾನಗಳಿಗೆ ಸೇರಿದವು ಬಹಳ. ಅಲ್ಲಿ ಸಸ್ಯಾಹಾರ ಮಾತ್ರ ಎಂಬುದನ್ನು ಬಂಟರು, ಮೊಗವೀರರು, ಬಿಲ್ಲವರು ಮೊದಲೇ ಲೆಕ್ಕಕ್ಕೆ ತಂದುಕೊಂಡು ಮೀನು ಕೋಳಿಯ ಊಟವನ್ನು ಮೆಹಂದಿಯ ರಾತ್ರಿಗೋ ಮದುವೆ ಕಳೆದ ಮೇಲಿನ ಔತಣಕ್ಕೋ ಇಟ್ಟುಕೊಳ್ಳುತ್ತಾರೆ.

ನೋಡಲು ಹೋದವರು ಮಂಟಪದ ಅಲಂಕಾರ ನೋಡಿ ಮುಂಗಡ ಕೊಟ್ಟು ಬರುತ್ತಾರೆ. ನಾನು ಹೇಳುವುದು, ಮೊದಲು ಹಿಂದಿನ ಬಾಗಿಲಿಂದ ಒಳಹೋಗಿ. ಅಡುಗೆಮನೆ, ಪಾತ್ರೆ ತೊಳೆಯುವ ಜಾಗ, ಬಾವಿ ನೋಡಿ. ಕಡಲ ಅಂಚಿನ ಹಳ್ಳಿಗಳಲ್ಲಿ ಏಪ್ರಿಲ್, ಮೇ ಹೊತ್ತಿಗೆ ಬಾವಿ ನೀರು ಉಪ್ಪಾಗುವುದುಂಟು. ಅಂಥ ನೀರಿನಲ್ಲಿ ಬೇಳೆ ಸರಿಯಾಗಿ ಬೇಯುವುದಿಲ್ಲ, ಕಾಫಿಯ ರುಚಿಯೂ ಕೆಡುತ್ತದೆ. ಟ್ಯಾಂಕರ್ ತರಿಸುವುದು ಯಾರ ಹೊಣೆ, ಯಾರ ಖರ್ಚು ಎಂದು ಬರೆಸಿಕೊಳ್ಳಿ. ಬೀಗದ ಕೈ ಎಷ್ಟು ಗಂಟೆಗೆ ಸಿಗುತ್ತದೆ, ಎಷ್ಟು ಗಂಟೆಗೆ ಬಿಟ್ಟುಕೊಡಬೇಕು ಎಂಬುದೂ ಕಾಗದದಲ್ಲಿರಲಿ. ಹಿಂದಿನ ಸಂಜೆಯೇ ಒಲೆ ಹೊತ್ತಿಸಬೇಕಾದ ಅಡುಗೆಯವರಿಗೆ ಬೆಳಗ್ಗೆ ಸಿಗುವ ಕೀಲಿಯಿಂದ ಪ್ರಯೋಜನವಿಲ್ಲ. ಮಂಡಿನೋವಿನ ಹಿರಿಯರು ಊಟದ ಹಾಲ್‌ಗೆ ಮೆಟ್ಟಿಲು ಇಳಿಯಬೇಕೇ, ಅವರಿಗೆ ಕೂರುವ ಶೌಚಾಲಯವಿದೆಯೇ ಎಂಬುದನ್ನು ಒಬ್ಬ ಹಿರಿಯರನ್ನೇ ಕರೆದೊಯ್ದು ನೋಡಿ.

ಅಡುಗೆಯವರ ನಾಡಿನಲ್ಲಿ ಅಡುಗೆಯವರನ್ನು ಆರಿಸುವುದು

ಬೆಂಗಳೂರಿನ ಎಂಟಿಆರ್ ಹೋಟೆಲು ಹುಟ್ಟಿದ್ದು 1924ರಲ್ಲಿ. ಅದನ್ನು ಕಟ್ಟಿದ ಮಯ್ಯ ಸಹೋದರರು ಕೋಟದ ಪಕ್ಕದ ಪಾರಂಪಳ್ಳಿಯವರು. ಹೋಟೆಲು ಕಟ್ಟಲು ಊರು ಬಿಟ್ಟ ಸಾವಿರಾರು ಜನರ ನಾಡು ಇದು. ಒಳ್ಳೆಯ ಅಡುಗೆಯವರು ಇಲ್ಲಿ ಇನ್ನೂ ಇದ್ದಾರೆ. ಅವರಲ್ಲಿ ನಮ್ಮ ಮದುವೆಗೆ ಹೊಂದುವವರು ಯಾರು ಎಂಬುದನ್ನು ನೋಡಬೇಕು.

ಎರಡು ಕ್ರಮಗಳಿವೆ. ಹಳೆಯದರಲ್ಲಿ ಭಟ್ಟರು ಸಾಮಾನಿನ ಪಟ್ಟಿ ಕೊಡುತ್ತಾರೆ, ಮನೆಯವರು ತಂದುಹಾಕುತ್ತಾರೆ, ಭಟ್ಟರಿಗೆ ಮಜೂರಿ. ಹೊಸದರಲ್ಲಿ ಎಲೆಗೆ ಇಷ್ಟು ಎಂದು ಒಪ್ಪಂದ, ಸಾಮಾನು ಅವರದೇ. ಮನೆಯಲ್ಲಿ ಓಡಾಡುವ ಗಂಡಾಳು ಹೆಣ್ಣಾಳು ಇದ್ದು, ಅಕ್ಕಿ, ಕಾಯಿ, ತರಕಾರಿಯ ಗುಣ ನೋಡಿ ತರಬಲ್ಲವರಿದ್ದರೆ ಹಳೆಯ ಕ್ರಮವೇ ರುಚಿಗೂ ಜೇಬಿಗೂ ಒಳ್ಳೆಯದು. ಇಲ್ಲದಿದ್ದರೆ ಎಲೆ ಲೆಕ್ಕಕ್ಕೆ ಒಪ್ಪಿಸಿ. ಆದರೆ ಬಡಿಸುವವರು ಆ ದರದಲ್ಲಿ ಸೇರಿದ್ದಾರೆಯೇ, ನೀರಿನ ಬಾಟಲಿ, ಬಾಳೆಎಲೆ, ಗ್ಯಾಸ್, ಜಿಎಸ್‌ಟಿ ಸೇರಿದೆಯೇ, ಹೇಳಿದ್ದಕ್ಕಿಂತ ಐವತ್ತು ಎಲೆ ಹೆಚ್ಚಾದರೆ ಎಂತ ಮಾಡುತ್ತಾರೆ, ಐವತ್ತು ಕಡಿಮೆಯಾದರೆ ಹಣ ಇಳಿಯುತ್ತದೆಯೇ ಎಂದು ಕೇಳಿ. ಈ ಪ್ರಶ್ನೆಗಳಿಗೆ ಸಿಡುಕುವವರನ್ನು ಬಿಡಿ. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ನೋಂದಣಿ ಅಥವಾ ಪರವಾನಗಿ ಸಂಖ್ಯೆ ಪ್ರತಿ ಕೇಟರಿಂಗಿನವರಲ್ಲೂ ಇರಬೇಕು.

ರುಚಿ ನೋಡಿಸುತ್ತೇವೆ ಎಂದು ಅವರು ಕರೆದು ಹತ್ತು ಜನರಿಗೆ ಮಾಡಿ ಬಡಿಸುವ ಊಟದಿಂದ ಏನೂ ತಿಳಿಯುವುದಿಲ್ಲ. ಅವರು ಅಡುಗೆ ಮಾಡುವ ಯಾವುದಾದರೂ ಮದುವೆಗೆ ನಿಮಗೂ ಹೇಳಿಕೆ ಬಂದಿದ್ದರೆ ಅಲ್ಲಿ ಕೊನೆಯ ಪಂಕ್ತಿಗೆ ಕುಳಿತುಕೊಳ್ಳಿ. ಸಾರು ಬಿಸಿ ಇದೆಯೇ, ಮೊದಲ ಪಂಕ್ತಿಗೆ ಬಂದ ಹೋಳಿಗೆ ನಿಮ್ಮ ಎಲೆಗೂ ಬಂತೇ, ಕೊದ್ದೆಲು ಎಂಬ ಹುಳಿಗೆ ನೀರು ಬೆರೆಸಿದ್ದಾರೆಯೇ, ಬಡಿಸುವ ಹುಡುಗರು ಸುಸ್ತಾದರೂ ಎರಡನೇ ಸಲ ವಿಚಾರಿಸಿದರೇ, ನೋಡಿ. ಅಡುಗೆಯವರ ಶಕ್ತಿ ತಿಳಿಯುವುದು ಅಲ್ಲಿಯೇ.

ಪದಾರ್ಥಗಳ ಸಂಖ್ಯೆ ಏರಿಸುವ ಪೈಪೋಟಿ ನನಗೆ ಬೇಸರ ತರುತ್ತದೆ. ಎಲೆಯ ಮುಕ್ಕಾಲು ಪಾಲು ಮಡಚಿ ಎಸೆಯುವ ಊಟ ಯಾರಿಗೂ ಗೌರವ ತರುವುದಿಲ್ಲ. ಒಂದು ಕೋಸಂಬರಿ, ಎರಡು ಪಲ್ಯ, ತಂಬುಳಿ, ಸಾರು, ಮಟ್ಟುಗುಳ್ಳದ ಹುಳಿ, ಮಜ್ಜಿಗೆಹುಳಿ, ಒಂದು ಒಳ್ಳೆಯ ಪಾಯಸ, ಒಂದು ಒಣ ಸಿಹಿ: ಇಷ್ಟು ಹದವಾಗಿ ಬಂದರೆ ಉಂಡವರು ನೆನೆಯುತ್ತಾರೆ.

ಮಲ್ಲಿಗೆ

ಶಂಕರಪುರ ಮಲ್ಲಿಗೆ ಎಂದು ನಾವು ಕರೆಯುವ ಉಡುಪಿ ಮಲ್ಲಿಗೆಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಬಾಳೆನಾರಿನಲ್ಲಿ ಕಟ್ಟಿದ ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನದಿನಕ್ಕೆ ನಿಗದಿಯಾಗುತ್ತದೆ, ಮದುವೆ, ಹಬ್ಬ ಒಟ್ಟಾದ ದಿನಗಳಲ್ಲಿ ಗಗನಕ್ಕೇರುತ್ತದೆ. ದರವನ್ನು ತಿಂಗಳ ಮೊದಲೇ ಕಟ್ಟಿಹಾಕಲು ಯಾವ ಹೂವಿನವರಿಂದಲೂ ಆಗುವುದಿಲ್ಲ. ಅಟ್ಟೆಯ ಲೆಕ್ಕವನ್ನು ಮಾತ್ರ ಮೊದಲೇ ಹೇಳಿ, ದರ ಆ ದಿನದ್ದು ಎಂದು ಒಪ್ಪಿಕೊಳ್ಳಿ. ಮಂಟಪಕ್ಕೆ ದೂರದಿಂದ ತರಿಸುವ ಹೂವಿನ ಬದಲು ಅಡಿಕೆಯ ಸಿಂಗಾರ, ಮಾವಿನೆಲೆ, ಬಾಳೆ, ತೆಂಗಿನ ಗರಿ ಬಳಸುವ ಅಲಂಕಾರದವರು ಈಗಲೂ ಸಿಗುತ್ತಾರೆ. ಅವರನ್ನು ಹುಡುಕಿ.

ವಾದ್ಯ, ಡಿಜೆ ಮತ್ತು ಒಂದು ರಾತ್ರಿ

ಮದುವೆಯ ಹಾಡು, ವಾದ್ಯಗಳಿಗೆ ಈ ನಾಡಿನ ನಂಟು ಹಳೆಯದು. ಮಾಧ್ವರ ಮದುವೆಗಳಲ್ಲಿ ಹಾಡುವ ಲಕ್ಷ್ಮೀ ಶೋಭಾನೆಯನ್ನು ಬರೆದ ವಾದಿರಾಜರು ಹುಟ್ಟಿದ್ದು ಕುಂಭಾಸಿ ಬಳಿಯ ಹೂವಿನಕೆರೆಯಲ್ಲಿ. ಕದ್ರಿ ಗೋಪಾಲನಾಥರು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಸ್ಯಾಕ್ಸೋಫೋನ್ ಕರಾವಳಿಯ ಧಾರೆ ಮಂಟಪಗಳಲ್ಲಿ ನಾಗಸ್ವರದ ಜೊತೆಗೆ ನಿಂತಿದೆ. ವಾದ್ಯದವರನ್ನು ಮುಹೂರ್ತಕ್ಕೆ ಮುಂಚೆ ಬರುವಂತೆ ಗೊತ್ತುಮಾಡಿದರೆ ಸಾಕು, ಉಳಿದದ್ದು ಅವರಿಗೆ ಗೊತ್ತು.

ಎಚ್ಚರ ಬೇಕಾದ್ದು ಮೆಹಂದಿಯ ಡಿಜೆಯಲ್ಲಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ ಎಂಬುದು 2000ದ ಶಬ್ದಮಾಲಿನ್ಯ ನಿಯಮ. ಮೈಕ್‌ಸೆಟ್ಟಿಗೆ ಪೊಲೀಸರ ಅನುಮತಿಯ ಕಾಗದ ಮೊದಲೇ ಕೈಯಲ್ಲಿರಲಿ. ಅದನ್ನು ಮಾಡಿಸುವುದು ಮನೆಯವರೋ ಡಿಜೆಯವರೋ ಎಂಬುದು ಮೊದಲ ಮಾತುಕತೆಯಲ್ಲೇ ತೀರ್ಮಾನವಾಗಲಿ.

ಈ ವಿಷಯ ಬಂದಾಗ ಕೋಟದವರು 2021ರ ಡಿಸೆಂಬರ್ 27ರ ರಾತ್ರಿಯನ್ನು ಮರೆಯಬಾರದು. ಕೋಟತಟ್ಟು ಗ್ರಾಮದ ಕೊರಗರ ಕಾಲೊನಿಯಲ್ಲಿ ಮೆಹಂದಿ ನಡೆಯುತ್ತಿದ್ದಾಗ ಡಿಜೆಯ ಶಬ್ದದ ದೂರಿನ ಮೇಲೆ ಬಂದ ಪೊಲೀಸರು ಲಾಠಿ ಬೀಸಿದರು. ಕೋಟ ಠಾಣೆಯ ಎಸ್‌ಐ ಅಮಾನತಾದರು, ಪ್ರಕರಣ ಸಿಐಡಿಗೆ ಹೋಯಿತು. ಅನ್ಯರ ಉತ್ಸವಗಳಲ್ಲಿ ಡೋಲು ಬಾರಿಸಲು ತಲೆಮಾರುಗಳ ಕಾಲ ಕರೆಸಿಕೊಳ್ಳಲಾಗುತ್ತಿದ್ದ ಸಮುದಾಯ ಅದು. ಅವರನ್ನು ಕೀಳಾಗಿ ಕಾಣುವ ಅಜಲು ಪದ್ಧತಿಯನ್ನು ಕಾನೂನು ನಿಷೇಧಿಸಿದ್ದೇ 2000ದಲ್ಲಿ. ಇಂಥವರ ಮನೆಯ ಸಂಭ್ರಮಕ್ಕೆ ಪೆಟ್ಟು ಬಿದ್ದದ್ದು ಇಡೀ ಊರಿಗೆ ನೋವಿನ ಸಂಗತಿ. ಸದ್ದಿನ ನಿಯಮ ಎಲ್ಲರಿಗೂ ಒಂದೇ ಆಗಿರಬೇಕು, ಮಂಟಪ ಎಷ್ಟೇ ದೊಡ್ಡದಿರಲಿ, ಮನೆ ಎಷ್ಟೇ ಚಿಕ್ಕದಿರಲಿ.

ಬರೆದು ಕೊಡುವವರು

ಫೋಟೋ, ವಿಡಿಯೋ, ಮದುಮಗಳ ಅಲಂಕಾರ, ಬಸ್ಸು: ಇವುಗಳಲ್ಲೆಲ್ಲ ಕೇಳಬೇಕಾದ್ದು, ಮಾತಾಡಿದವರೇ ಆ ದಿನ ಬರುತ್ತಾರೆಯೇ, ಬರಲಾಗದಿದ್ದರೆ ಯಾರು ಬರುತ್ತಾರೆ ಎಂದು. ಆಲ್ಬಮ್ ಎಷ್ಟು ದಿನಕ್ಕೆ, ಎಷ್ಟು ಪುಟ, ಎಲ್ಲ ಚಿತ್ರಗಳ ಪ್ರತಿ ಸಿಗುತ್ತದೆಯೇ ಎಂಬುದೂ ಇರಲಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಸಾಲುಗಳಾದರೂ ಸರಿ, ಬರಹದಲ್ಲಿರಲಿ. ಮುಂಗಡಕ್ಕೆ ರಸೀದಿ ಪಡೆಯಿರಿ. ದೂರದಲ್ಲಿ ಕುಳಿತು ಎಲ್ಲವನ್ನೂ ಒಂದೇ ಇವೆಂಟ್ ಕಂಪನಿಗೆ ಒಪ್ಪಿಸುವವರು, ಅವರ ಕೈಕೆಳಗೆ ಬರುವ ಅಡುಗೆಯವರ, ಹೂವಿನವರ ಹೆಸರು, ಫೋನ್ ನಂಬರನ್ನೂ ಕೇಳಿ ಇಟ್ಟುಕೊಳ್ಳಬೇಕು. ಚಿನ್ನ ಕೊಳ್ಳುವಾಗ ಆರು ಅಕ್ಷರ-ಅಂಕಿಗಳ ಹಾಲ್‌ಮಾರ್ಕ್ ಗುರುತು ನೋಡಿ, 2023ರ ಏಪ್ರಿಲ್‌ನಿಂದ ಅದು ಕಡ್ಡಾಯ. ಹಣ ಪಡೆದು ಕೆಲಸ ಮಾಡದವರ ವಿರುದ್ಧ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಗ್ರಾಹಕರ ಸಹಾಯವಾಣಿ 1915.

ಸಾಲ ಮಾಡದೆ

ಸಾಲ ಮಾಡದೆ ಮದುವೆಯಾಗಲೂ ದಾರಿಗಳಿವೆ. ಧರ್ಮಸ್ಥಳದ ಸಾಮೂಹಿಕ ವಿವಾಹ 1972ರಿಂದ ನಡೆದುಬಂದಿದೆ. ಕೋಟದವರೇ ಆದ ಕೋಟ ಶ್ರೀನಿವಾಸ ಪೂಜಾರಿಯವರು ಮುಜರಾಯಿ ಸಚಿವರಾಗಿದ್ದಾಗ 2020ರಲ್ಲಿ ಸಪ್ತಪದಿ ಯೋಜನೆ ತಂದರು. ದೊಡ್ಡ ದೇವಸ್ಥಾನಗಳಲ್ಲಿ ಮದುವೆ, ವರನ ಉಡುಪಿಗೆ 5,000, ವಧುವಿನ ಉಡುಪಿಗೆ 10,000 ರೂಪಾಯಿ, ಎಂಟು ಗ್ರಾಂ ಚಿನ್ನದ ತಾಳಿ, ಹೀಗೆ ಜೋಡಿಗೆ ಒಟ್ಟು 55,000 ರೂಪಾಯಿಯ ನೆರವು ಅದರ ಲೆಕ್ಕವಾಗಿತ್ತು. 2023ರಲ್ಲಿ ಅದಕ್ಕೆ ಮಾಂಗಲ್ಯ ಭಾಗ್ಯ ಎಂಬ ಹೆಸರಾಯಿತು. ದೇವಸ್ಥಾನದಲ್ಲಿ ಧಾರೆ ಎರೆದು ಐವತ್ತು ಜನರಿಗೆ ಊಟ ಹಾಕಿದ ಮದುವೆಗೂ ಸಾವಿರ ಎಲೆಯ ಮದುವೆಗೂ ಉಪನೋಂದಣಿ ಕಚೇರಿ ಕೊಡುವ ಪ್ರಮಾಣಪತ್ರ ಒಂದೇ. ಅದನ್ನು ತಡಮಾಡದೆ ಮಾಡಿಸಿಕೊಳ್ಳಿ, ವೀಸಾಕ್ಕೆ ಬೇಕಾಗುತ್ತದೆ.

ಒಳ್ಳೆಯ ಕೆಲಸದವರನ್ನು ಆರಿಸಿದ ಮೇಲೆ ನಮ್ಮ ಪಾಲಿನ ಕೆಲಸವೂ ಒಂದಿದೆ. ಪಾತ್ರೆ ತೊಳೆದ ಹೆಂಗಸರಿಗೆ, ಬಡಿಸಿದ ಹುಡುಗರಿಗೆ, ವಾದ್ಯದವರಿಗೆ, ಬಸ್ಸಿನ ಚಾಲಕರಿಗೆ ಹೊತ್ತಿಗೆ ಸರಿಯಾಗಿ ಊಟವಾಯಿತೇ ಎಂದು ವಿಚಾರಿಸಲು ಮನೆಯವರೊಬ್ಬರನ್ನು ನೇಮಿಸಿ. ಅವರ ಲೆಕ್ಕವನ್ನು ಅದೇ ಸಂಜೆ, ಅವರು ಹೊರಡುವ ಮೊದಲು ಚುಕ್ತಾ ಮಾಡಿ.