ಮಾರಿದ ಬಟ್ಟೆ ಮರಳಿ ಹೋಗುವ ಹಾದಿ

ಮದ್ದೂರಿನ ಪೇಟೆ ಬೀದಿಯಲ್ಲಿ ಒಂದು ಸೀರೆ ಕೊಳ್ಳುವುದೆಂದರೆ ಅರ್ಧ ದಿನದ ಕೆಲಸವಾಗಿತ್ತು. ಸೆರಗು ಬಿಚ್ಚಿಸಿ, ಬಾಗಿಲ ಬೆಳಕಿಗೆ ಹಿಡಿದು, ಬೆರಳ ನಡುವೆ ಉಜ್ಜಿ ನೋಡಿ, ದುಡ್ಡು ಎಣಿಸುವ ಮುಂಚೆ ಒಂದು ಮಾತು: ‘ಬಣ್ಣ ಗಿಣ್ಣ ಹೋದ್ರೆ ವಾಪಸ್ ತಂದ್ಬುಡ್ತೀನಿ ಕಣಣ್ಣ.’ ಅಂಗಡಿಯವರ ಉತ್ತರವೂ ಸಿದ್ಧ: ‘ತಂದ್ಕೊಡಿ ಅಕ್ಕ, ನಾವೆಲ್ಲಿಗೋಯ್ತೀವಿ?’ ಇಷ್ಟಾದರೂ ಬಿಲ್ಲಿನ ಅಡಿಯಲ್ಲಿ ‘ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳಲಾಗುವುದಿಲ್ಲ’ ಎಂಬ ಸಾಲು ಅಚ್ಚಾಗಿರುತ್ತಿತ್ತು. ಬಾಯಿಮಾತಿಗೆ ಮುಖಪರಿಚಯವೇ ಜಾಮೀನು. ಅಚ್ಚಾದ ಸಾಲು ವ್ಯಾಪಾರಿಯ ಪರ.

ಈಗ ಮಂಡ್ಯ, ಮದ್ದೂರು, ಮಳವಳ್ಳಿಯ ಹಳ್ಳಿಹಳ್ಳಿಗೂ ಕೊರಿಯರ್ ಹುಡುಗರ ಬೈಕು ಬರುತ್ತದೆ. ಮಾರುವವನು ಸೂರತ್‌ನಲ್ಲೋ ದೆಹಲಿಯಲ್ಲೋ ಇರುತ್ತಾನೆ. ಮುಖವೂ ಇಲ್ಲ, ಬಾಯಿಮಾತೂ ಇಲ್ಲ. ಮೊಬೈಲ್ ಪರದೆಯ ಮೇಲಿರುವ ‘ರಿಟರ್ನ್’ ಬಟನ್ ಕಂಪನಿ ಮಾಡಿದ ಉಪಕಾರ ಎಂದೇ ಬಹಳ ಮಂದಿ ನಂಬಿದ್ದಾರೆ. ಹಾಗಾಗಿ ಆ ಬಟನ್ ಕೆಲಸ ಮಾಡದಿದ್ದರೆ ‘ಹೋಗ್ಲಿ ಬುಡಿ, ಐನೂರು ರೂಪಾಯಿ ತಾನೇ’ ಎಂದು ಸುಮ್ಮನಾಗುತ್ತಾರೆ. ಆದರೆ ಕೆಟ್ಟ ಬಟ್ಟೆಯನ್ನು ಹಿಂದಿರುಗಿಸುವುದು ಹಕ್ಕು. ಅದು ತೊಂಬತ್ತು ವರ್ಷಗಳಲ್ಲಿ ಹಂತಹಂತವಾಗಿ ರೂಪುಗೊಂಡ ಹಕ್ಕು.

ಅದರ ಬೇರು 1930ರ ಸರಕು ಮಾರಾಟ ಕಾಯ್ದೆಯಲ್ಲಿದೆ. ಕೊಳ್ಳುವವನೇ ಎಚ್ಚರದಿಂದಿರಬೇಕು ಎಂಬುದು ಆ ಕಾಯ್ದೆಯ ಮೂಲ ಧೋರಣೆ. ಅದರ ಸೆಕ್ಷನ್ 15 ಮಾತ್ರ ಬೇರೆಯದೇ ಮಾತು ಹೇಳಿತು: ವರ್ಣನೆಯ ಮೇಲೆ ಮಾರಿದ ಸರಕು ಆ ವರ್ಣನೆಗೆ ಹೊಂದಲೇಬೇಕು. ಮುಟ್ಟಿ ನೋಡಿ ಕೊಳ್ಳುವ ಕಾಲದಲ್ಲಿ ಜವಳಿ ಗಿರಾಕಿಗೆ ಈ ಸೆಕ್ಷನ್ ಅಷ್ಟಾಗಿ ಬೇಕಾಗಿರಲಿಲ್ಲ. ಆನ್‌ಲೈನ್‌ನಲ್ಲಾದರೋ ನಾವು ನಂಬಿ ದುಡ್ಡು ಕೊಡುವುದು ಫೋಟೊವನ್ನು ಮತ್ತು ಅದರ ಕೆಳಗಿನ ನಾಲ್ಕು ಸಾಲನ್ನು. ಇದು ಪೂರ್ತಿಯಾಗಿ ವರ್ಣನೆಯ ಮೇಲಿನ ಮಾರಾಟ.

ಆದರೆ ಒಂದು ಸೀರೆಗಾಗಿ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡುವವರು ಯಾರು? ವಕೀಲರ ಫೀಸು ಸೀರೆಯ ಬೆಲೆಯನ್ನು ಮೀರುತ್ತಿತ್ತು. ಈ ಕೊರತೆ ತುಂಬಲು ಹೊಸ ಕಾನೂನೇ ಬೇಕಾಯಿತು. 1962ರ ಮಾರ್ಚ್ 15ರಂದು ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ ಅಲ್ಲಿನ ಸಂಸತ್ತಿಗೆ ಕಳಿಸಿದ ಸಂದೇಶದಲ್ಲಿ ಬಳಕೆದಾರರ ನಾಲ್ಕು ಹಕ್ಕುಗಳನ್ನು ಹೆಸರಿಸಿದರು. 1985ರಲ್ಲಿ ವಿಶ್ವಸಂಸ್ಥೆ ಮಾರ್ಗಸೂಚಿ ಹೊರಡಿಸಿತು. ನಮ್ಮಲ್ಲಿ ಕುಂದಾಪುರ ತಾಲ್ಲೂಕಿನ ಬಸ್ರೂರಿನಂಥ ಊರಿನಲ್ಲಿ ಡಾ. ರವೀಂದ್ರನಾಥ ಶಾನುಭಾಗ್ ಮತ್ತು ಸಂಗಡಿಗರು ಬಳಕೆದಾರರ ವೇದಿಕೆ ಕಟ್ಟಿಕೊಂಡು ಸಣ್ಣಪುಟ್ಟ ದೂರುಗಳನ್ನೂ ಕೈಗೆತ್ತಿಕೊಂಡರು. 1986ರ ಡಿಸೆಂಬರ್ 24ರಂದು ಗ್ರಾಹಕರ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಜಿಲ್ಲೆಗೊಂದು ವೇದಿಕೆ, ವಕೀಲರಿಲ್ಲದೆ ತಾವೇ ವಾದಿಸುವ ಅವಕಾಶ. ‘ಮಾರಿದ ಮಾಲು ವಾಪಸ್ ಇಲ್ಲ’ ಎಂಬ ಬಿಲ್ಲಿನ ಸಾಲು ಅನುಚಿತ ವ್ಯಾಪಾರ ಪದ್ಧತಿ, ಅದನ್ನು ತೆಗೆಸಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 1999ರಲ್ಲಿ ರಾಜ್ಯಗಳಿಗೆ ಸೂಚಿಸಿತು.

ಅಷ್ಟರಲ್ಲಿ ವ್ಯಾಪಾರದ ಸ್ವರೂಪವೇ ಬದಲಾಯಿತು. ಆ ಬದಲಾವಣೆ ಶುರುವಾದದ್ದು ನಮ್ಮಿಂದ ನೂರು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ. 2007ರಲ್ಲಿ ಅಲ್ಲಿ ಫ್ಲಿಪ್‌ಕಾರ್ಟ್ ಪುಸ್ತಕ ಮಾರಲು ತೊಡಗಿತು. ಅದೇ ವರ್ಷ ಹುಟ್ಟಿದ ಮಿಂತ್ರಾ ಮೊದಲು ಉಡುಗೊರೆ ವಸ್ತುಗಳನ್ನು ಮಾರುತ್ತಿದ್ದು, ಆಮೇಲೆ ಬಟ್ಟೆಗೆ ಹೊರಳಿತು. 2010ರಲ್ಲಿ ಫ್ಲಿಪ್‌ಕಾರ್ಟ್ ‘ಕ್ಯಾಶ್ ಆನ್ ಡೆಲಿವರಿ’ ತಂದದ್ದು ದೊಡ್ಡ ತಿರುವು. ಪೊಟ್ಟಣ ಕೈಗೆ ಬಂದ ಮೇಲೆ ದುಡ್ಡು ಎಂದಾಗ, ಕಾರ್ಡಿಲ್ಲದ ಸಣ್ಣ ಊರುಗಳೂ ಈ ಮಾರುಕಟ್ಟೆಯೊಳಗೆ ಬಂದವು. ಆದರೆ ಬಟ್ಟೆ ಪುಸ್ತಕವಲ್ಲ. ಅಳತೆ, ಬಣ್ಣ, ನೂಲು, ಮೈಗೊಪ್ಪುವ ಹದ ಯಾವುದೂ ಚಿತ್ರದಲ್ಲಿ ಪೂರ್ತಿ ತಿಳಿಯುವುದಿಲ್ಲ. ಹಿಂದಿರುಗಿಸುವ ಭರವಸೆ ಕೊಡದೆ ಬಟ್ಟೆ ಮಾರಲು ಸಾಧ್ಯವಿಲ್ಲ ಎಂದು ಕಂಪನಿಗಳು ಬೇಗನೆ ಕಂಡುಕೊಂಡವು. ಇಂತಿಷ್ಟು ದಿನದೊಳಗೆ ವಾಪಸ್ ಎಂಬ ಷರತ್ತು ವ್ಯಾಪಾರದ ಅಗತ್ಯವಾಗಿ ಹುಟ್ಟಿತು. ಅದನ್ನು ಕುಗ್ಗಿಸುವುದೂ ಹಿಗ್ಗಿಸುವುದೂ ಕಂಪನಿಯ ಕೈಯಲ್ಲೇ ಉಳಿಯಿತು.

ಕಾನೂನು ಈ ಹೊಸ ಮಾರುಕಟ್ಟೆಯನ್ನು ಹಿಡಿದದ್ದು 2020ರಲ್ಲಿ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಜುಲೈ 20ರಂದು, ಇ-ಕಾಮರ್ಸ್ ನಿಯಮಗಳು ಜುಲೈ 23ರಂದು ಜಾರಿಗೆ ಬಂದವು. ಇವು ಹೇಳುವುದು ಸ್ಪಷ್ಟವಾಗಿದೆ. ಸರಕು ದೋಷಪೂರಿತವಾಗಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದ ಗುಣ ಅದಕ್ಕಿಲ್ಲದಿದ್ದರೆ, ಹೇಳಿದ ದಿನಕ್ಕೆ ತಲುಪದೆ ತಡವಾಗಿದ್ದರೆ ಮಾರಾಟಗಾರ ವಾಪಸ್ ಪಡೆಯಲು ಒಲ್ಲೆ ಎನ್ನುವಂತಿಲ್ಲ, ಹಣವನ್ನೂ ತಡೆಹಿಡಿಯುವಂತಿಲ್ಲ. ಅತಿವೃಷ್ಟಿಯಂಥ ಕೈಮೀರಿದ ಕಾರಣಕ್ಕೆ ತಡವಾದರೆ ಮಾತ್ರ ವಿನಾಯಿತಿ. ವಾಪಸ್ ಕಳಿಸುವ ಖರ್ಚಿನ ವಿವರವನ್ನು ಮೊದಲೇ ತಿಳಿಸಿರಬೇಕು. ಕಂಪನಿಯ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ಬಂದದ್ದನ್ನು ಖಚಿತಪಡಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಬಿಲ್ಲಿನಲ್ಲಿ ಅವಧಿ ನಮೂದಿಸದಿದ್ದರೆ, ದೋಷವಿರುವ ಸರಕಿನ ಹಣವನ್ನು 30 ದಿನಗಳೊಳಗೆ ಹಿಂದಿರುಗಿಸಬೇಕು ಎನ್ನುತ್ತದೆ ಕಾಯ್ದೆ.

ಇದರ ಬೆಲೆ ಚೆನ್ನಾಗಿ ತಿಳಿಯಬೇಕಾದದ್ದು ನಮ್ಮ ಸೀಮೆಯವರಿಗೇ. ಮದ್ದೂರು, ಮಳವಳ್ಳಿ ಹಿಪ್ಪುನೇರಳೆ ಬೆಳೆಯುವ, ಹುಳು ಸಾಕುವ ತಾಲ್ಲೂಕುಗಳು. ಇಲ್ಲಿನ ಗೂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತದೆ. ರೇಷ್ಮೆ ಎಂದರೇನೆಂದು ಇಲ್ಲಿನ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಂಥವರ ಮನೆಗೇ ‘ಸಾಫ್ಟ್ ಸಿಲ್ಕ್’, ‘ಆರ್ಟ್ ಸಿಲ್ಕ್’ ಹೆಸರಿನಲ್ಲಿ ಪಾಲಿಯೆಸ್ಟರ್ ಸೀರೆ ಬರುತ್ತದೆ. ಅಂಚಿನ ಒಂದೆಳೆ ಸುಟ್ಟರೆ ಸಾಕು: ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಹುಡಿಯಾಗುವ ಬೂದಿ, ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ‘ಆರ್ಟ್ ಸಿಲ್ಕ್’ ಎಂದರೆ ಕೃತಕ ರೇಷ್ಮೆ ಎಂದು ಎಷ್ಟು ಮಂದಿಗೆ ಗೊತ್ತು? ಶುದ್ಧ ರೇಷ್ಮೆಯ ಗುರುತಿಗಾಗಿ ಕೇಂದ್ರ ರೇಷ್ಮೆ ಮಂಡಳಿಯ ಬೆಂಬಲದಿಂದ 2004ರಲ್ಲಿ ‘ಸಿಲ್ಕ್ ಮಾರ್ಕ್’ ಬಂದಿದೆ. ವರ್ಣನೆಯಲ್ಲಿ ‘ಶುದ್ಧ ರೇಷ್ಮೆ’ ಎಂದು ಬರೆದು ಬೇರೆಯದನ್ನು ಕಳಿಸಿದರೆ ಅದು ಸೈಜಿನ ತಕರಾರಲ್ಲ, ಮೋಸ. ಅಂಥ ಸೀರೆಯನ್ನು ಹಿಂದಿರುಗಿಸುವವರು ತಮ್ಮ ದುಡ್ಡಿನ ಜೊತೆಗೆ ಹುಳು ಸಾಕಿದವರ ದುಡಿಮೆಯ ಮಾನವನ್ನೂ ಕಾಯುತ್ತಾರೆ.

ಹಕ್ಕಿಗೂ ಒಂದು ಗಡಿಯಿದೆ. ಬಟ್ಟೆ ವರ್ಣನೆಯಂತೆಯೇ ಬಂದು, ನಮಗೆ ಹಿಡಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಮರಳಿಸುವ ಹಕ್ಕನ್ನು ಭಾರತದ ಕಾನೂನು ಕೊಟ್ಟಿಲ್ಲ. ಅಲ್ಲಿ ಕಂಪನಿಯ ಷರತ್ತೇ ಅಂತಿಮ. ಯುರೋಪಿನ ಒಕ್ಕೂಟದಲ್ಲಿ ಆನ್‌ಲೈನ್ ಖರೀದಿಯನ್ನು ಕಾರಣ ಹೇಳದೆಯೇ 14 ದಿನದೊಳಗೆ ರದ್ದು ಮಾಡಬಹುದು. ಅಂಗಡಿಯಲ್ಲಿ ಮುಟ್ಟಿ ನೋಡುವ ಅವಕಾಶ ತಪ್ಪಿದವರಿಗೆ ಮನೆಯಲ್ಲಾದರೂ ನೋಡಿ ತೀರ್ಮಾನಿಸುವ ಅವಕಾಶ ಇರಲಿ ಎಂಬುದು ಅದರ ತರ್ಕ. ಇದು ನಮಗೂ ಬೇಕು. ಅದು ಬರುವವರೆಗೆ, ಕಂಪನಿ ತಾನೇ ಬರೆದ ಷರತ್ತನ್ನು ಮುರಿದರೆ ಪ್ರಶ್ನಿಸುವ ಅಧಿಕಾರವಂತೂ ನಮಗಿದೆ.

2019ರ ಕಾಯ್ದೆ ತಂದ ಅತಿ ದೊಡ್ಡ ಬದಲಾವಣೆ ಇನ್ನೊಂದು. ಹಳೆಯ ಕಾಯ್ದೆಯಲ್ಲಿ ಎದುರುದಾರ ಇರುವ ಊರಿನಲ್ಲಿ ಅಥವಾ ವ್ಯಾಜ್ಯದ ಕಾರಣ ಹುಟ್ಟಿದ ಊರಿನಲ್ಲಿ ದೂರು ಕೊಡಬೇಕಿತ್ತು. ಕಂಪನಿ ಹರಿಯಾಣದಲ್ಲಿದ್ದರೆ ‘ಮಂಡ್ಯಕ್ಕೆ ಈ ಅಧಿಕಾರವಿಲ್ಲ’ ಎಂದು ತಕರಾರು ತೆಗೆಯಲು ದಾರಿಯಿತ್ತು. ಈಗ ಸೆಕ್ಷನ್ 34ರ ಪ್ರಕಾರ ದೂರುದಾರರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಸಲ್ಲುತ್ತದೆ. ಮಳವಳ್ಳಿಯವರು ಮಂಡ್ಯದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಬಂದರೆ ಸಾಕು. ಕಂಪನಿಯೇ ಇಲ್ಲಿಗೆ ಬಂದು ಉತ್ತರಿಸಬೇಕು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ಈಗ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು.

ಅದಕ್ಕೂ ಮೊದಲು ಮಾಡಬೇಕಾದದ್ದು: ವರ್ಣನೆಯ ಪುಟ, ಆರ್ಡರ್ ಸಂಖ್ಯೆ, ಬಿಲ್ಲು, ಬಂದ ಬಟ್ಟೆಯ ಫೋಟೊ ಇವನ್ನು ಉಳಿಸಿಕೊಳ್ಳುವುದು, ಬಟ್ಟೆಗೆ ಅಂಟಿದ ಚೀಟಿ ಕೀಳದಿರುವುದು, ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಡುವುದು. ಜಗ್ಗದಿದ್ದರೆ 1915ಕ್ಕೆ ಕರೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ವಿಳಾಸವೇ ಇಲ್ಲದ ಜಾಹೀರಾತು ನಂಬಿ ದುಡ್ಡು ಕಳೆದುಕೊಂಡರೆ ಅದು ಸೈಬರ್ ವಂಚನೆ. ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಐನೂರು ರೂಪಾಯಿ ಎಂದು ಬಿಡುವವರು ಒಂದು ಲೆಕ್ಕ ನೋಡಬೇಕು. ಅದೇ ಕೆಟ್ಟ ಬಟ್ಟೆ ಅದೇ ವಾರ ನೂರಾರು ಊರುಗಳಿಗೆ ಹೋಗಿರುತ್ತದೆ. ಎಲ್ಲರೂ ಬಿಟ್ಟರೆ ಆ ಮೋಸಕ್ಕೆ ದಾಖಲೆಯೇ ಇರುವುದಿಲ್ಲ. ಹಾದಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ. ಆ ಅಧಿಕಾರ ಎಚ್ಚೆತ್ತುಕೊಳ್ಳಬೇಕಾದರೆ ಅದರ ಮುಂದೆ ದೂರುಗಳಿರಬೇಕು. ಐನೂರು ರೂಪಾಯಿಗೆ ಕೊಟ್ಟ ಒಂದು ದೂರು ಮುಂದಿನ ಗಿರಾಕಿಯನ್ನೂ ಕಾಯುತ್ತದೆ. ಆದ್ದರಿಂದ ಮೋಸದ ಬಟ್ಟೆ ಬಂದಾಗ ಬೀರುವಿಗೆ ತುಂಬಬೇಡಿ, ವಾಪಸ್ ಕಳಿಸಿ; ಪಡೆಯದಿದ್ದರೆ ಮಂಡ್ಯದಲ್ಲೇ ಕೇಳಿ.